ಬೆಂಗಳೂರಿನ ಫ್ಲಾಟ್ ಮಾರಿದ ದುಡ್ಡನ್ನ ಜರ್ಮನಿ ಅಕೌಂಟಿಗೆ ತರೋದು ಹೇಗೆ? ಗೊತ್ತಿರೋರು ದಯವಿಟ್ಟು ಹೇಳಿ

ನೆಕ್ಕರ್‌ತೀರ | 6 ಸೆಪ್ಟೆಂಬರ್ 2025

ಎಲ್ರಿಗೂ ನಮಸ್ಕಾರ. ನಾನು 2017ರಿಂದ ಸ್ಟುಟ್‌ಗಾರ್ಟ್ ಹತ್ರ ಇದೀನಿ, ಹೆಂಡ್ತಿ ಮತ್ತೆ ಇಬ್ರು ಮಕ್ಳು. ಇಲ್ಲೇ ಒಂದು ಮನೆ ನೋಡಿದೀವಿ, ಬ್ಯಾಂಕಿನೋರು ಲೋನ್ ಕೊಡ್ತೀವಿ ಅಂದಿದಾರೆ, ಆದ್ರೆ ಕೈಯಿಂದ ಹಾಕೋ ದುಡ್ಡು ತೋರಿಸ್ಲೇಬೇಕು ಅಂತಾರೆ. ಈ ರಾಜ್ಯದಲ್ಲಿ ಮನೆ ತಗೊಂಡ್ರೆ ಬರೀ ಖರೀದಿ ಟ್ಯಾಕ್ಸೇ 5%, ನೋಟರಿ ಖರ್ಚು ಬೇರೆ, ಅದ್ಯಾವ್ದೂ ಲೋನಲ್ಲಿ ಸೇರಲ್ಲವಂತೆ. ಅದಕ್ಕೆ ಊರಲ್ಲಿರೋ ಫ್ಲಾಟ್ ಮಾರೋಣ ಅಂತ ತೀರ್ಮಾನ ಮಾಡಿದ್ವಿ. ಕನಕಪುರ ರೋಡ್ ಕಡೆ 2 ಬೆಡ್‌ರೂಮ್, 2014ರಲ್ಲಿ ರಿಜಿಸ್ಟ್ರೇಷನ್ ಎಲ್ಲ ಸೇರಿ 48 ಲಕ್ಷಕ್ಕೆ ತಗೊಂಡಿದ್ದು, ಈಗ 80 ಲಕ್ಷಕ್ಕೆ ಮಾತಾಗಿದೆ. ಲೋನ್ ತೀರಿದೆ, ಇ-ಖಾತಾ ಆಗಿದೆ, ಇಸಿ ಕ್ಲೀನ್ ಇದೆ. ಅಗ್ರಿಮೆಂಟ್ ಆಗಿ 5 ಲಕ್ಷ ಅಡ್ವಾನ್ಸ್ ಬಂದಿದೆ, ಅಕ್ಟೋಬರ್ ಮೊದಲ ವಾರ ರಿಜಿಸ್ಟ್ರೇಷನ್ ಅಂದ್ಕೊಂಡಿದೀವಿ. ನನಗೆ ರಜ ಸಿಗಲ್ಲ, ಭಾವನ ಹೆಸರಿಗೆ ಪವರ್ ಆಫ್ ಅಟಾರ್ನಿ ಕಳಿಸ್ತಾ ಇದೀನಿ.

ಈಗ ನನ್ನ ಪ್ರಶ್ನೆ. ದುಡ್ಡು ನನ್ನ ಹಳೇ ಎಸ್‌ಬಿ ಅಕೌಂಟಿಗೆ ಬರತ್ತೆ (ಬೆಂಗಳೂರಲ್ಲಿ ಕೆಲಸ ಮಾಡೋವಾಗ ತೆಗೆದಿದ್ದು, ಹಾಗೇ ಇದೆ), ಅಲ್ಲಿಂದ ಇಲ್ಲಿಗೆ ಯಾವ ಆ್ಯಪಲ್ಲಿ ಕಳಿಸಿದ್ರೆ ಒಳ್ಳೇ ರೇಟ್ ಸಿಗತ್ತೆ? ತಗೊಳ್ಳೋರು 1% ಟಿಡಿಎಸ್ (ದುಡ್ಡು ಕೊಡೋವಾಗ್ಲೇ ಹಿಡಿಯೋ ಟ್ಯಾಕ್ಸ್) ಹಿಡೀತೀವಿ ಅಂದಿದಾರೆ, ಅದು ಸರೀನಾ? ಆಮೇಲೆ ಅಮ್ಮ ಅವರ ಎಫ್‌ಡಿ ಮುರಿಸಿ 15 ಲಕ್ಷ ನಾನೂ ಕೊಡ್ತೀನಿ ಕಣೋ ಅಂತ ಹಠ ಹಿಡಿದಿದಾರೆ, ಅದನ್ನ ತರೋ ದಾರಿ ಯಾವ್ದು? ಬ್ರಾಂಚಿಗೆ ಮೂರು ಸಲ ಫೋನ್ ಮಾಡಿದೆ, ಮೂರು ಜನ ಮೂರು ಥರ ಹೇಳಿದ್ರು, ತಲೆ ಕೆಟ್ಟುಹೋಗಿದೆ.

ಲೆಕ್ಕ_ಪಕ್ಕಾ | 6 ಸೆಪ್ಟೆಂಬರ್ 2025

ಸರ್, ನಾನು ಜಯನಗರದಲ್ಲಿ ಸಿಎ ಪ್ರಾಕ್ಟೀಸ್ ಮಾಡ್ತೀನಿ, ನಿಮ್ಮ ಪೋಸ್ಟ್ ನೋಡಿ ಗಾಬರಿಯಾಗಿ ಬರೀತಿದೀನಿ. ಆ್ಯಪು, ರೇಟು ಎಲ್ಲ ಕೊನೇ ಮಾತು, ಮೊದಲು ರಿಜಿಸ್ಟ್ರೇಷನ್ ಡೇಟ್ ಮುಂದಕ್ಕೆ ಹಾಕಿ.

1% ಟಿಡಿಎಸ್ ಅನ್ನೋದು ಮಾರೋರು ಇಲ್ಲೇ ವಾಸವಾಗಿರೋರಾದ್ರೆ ಮಾತ್ರ, ಅದು ಸೆಕ್ಷನ್ 194-ಐಎ. ನೀವು ಎನ್‌ಆರ್‌ಐ, ನಿಮಗೆ ಸೆಕ್ಷನ್ 195. ಭಾವ ಬಂದು ಸೈನ್ ಹಾಕಿದ್ರೂ ಮಾರ್ತಿರೋರು ನೀವೇ, ಅದೇನೂ ಬದಲಾಗಲ್ಲ. 195ರಲ್ಲಿ ಹಿಡಿಯೋದು ಲಾಭದ ಮೇಲಲ್ಲ, ಪೂರ್ತಿ ಮಾರಿದ ಬೆಲೆ ಮೇಲೆ. 12.5%, ಮೊತ್ತ 50 ಲಕ್ಷ ದಾಟಿರೋದ್ರಿಂದ ಅದರ ಮೇಲೆ 10% ಸರ್‌ಚಾರ್ಜು, ಆಮೇಲೆ 4% ಸೆಸ್ಸು, ಒಟ್ಟು 14.3%. 80 ಲಕ್ಷಕ್ಕೆ 11 ಲಕ್ಷದ 44 ಸಾವಿರ. ಆದ್ರೆ ನಿಮಗೆ ನಿಜವಾಗ್ಲೂ ಬರೋ ಟ್ಯಾಕ್ಸ್ ಎಷ್ಟು? ಲಾಭ 32 ಲಕ್ಷ, 50 ದಾಟದೇ ಇರೋದ್ರಿಂದ ಸರ್‌ಚಾರ್ಜ್ ಇಲ್ಲ, ಅದರ ಮೇಲೆ 13%, ಅಂದ್ರೆ 4 ಲಕ್ಷದ 16 ಸಾವಿರ. ಮಿಕ್ಕ 7 ಲಕ್ಷ ಚಿಲ್ಲರೆ ನೀವು ಮುಂದಿನ ವರ್ಷ ರಿಟರ್ನ್ ಹಾಕಿ ರೀಫಂಡ್ ಬರೋವರ್ಗೂ ಕಾಯ್ಬೇಕು, ಅಷ್ಟೊತ್ತಿಗೆ ನಿಮ್ಮ ಜರ್ಮನಿ ಮನೆ ಬೇರೆಯೋರ ಪಾಲಾಗಿರತ್ತೆ. (ಇಂಡೆಕ್ಸೇಷನ್, ಅಂದ್ರೆ ಬೆಲೆ ಏರಿಕೆಗೆ ತಕ್ಕ ಹಾಗೆ ಕೊಂಡ ಬೆಲೆ ಹೆಚ್ಚಿಸಿ ಲಾಭ ಲೆಕ್ಕ ಹಾಕೋದು, ಅದನ್ನ ಕೇಳ್ಬೇಡಿ, ಜುಲೈ 23, 2024ರ ನಂತರ ಆ ಆಯ್ಕೆ ಉಳಿಸಿರೋದು ಇಲ್ಲಿ ವಾಸವಾಗಿರೋರಿಗೆ ಮಾತ್ರ. ಎನ್‌ಆರ್‌ಐಗಳಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.)

ಇದಕ್ಕೆ ದಾರಿ ಇದೆ. ಫಾರ್ಮ್ 13 ಅಂತ, ಇನ್‌ಕಮ್ ಟ್ಯಾಕ್ಸಿನೋರ ಟ್ರೇಸಸ್ ಪೋರ್ಟಲಲ್ಲಿ ಅರ್ಜಿ ಹಾಕಿ ಕಡಿಮೆ ದರದ ಸರ್ಟಿಫಿಕೇಟ್ ತಗೋಬೇಕು, ಬೆಂಗಳೂರಲ್ಲಿ ಇಂಟರ್‌ನ್ಯಾಷನಲ್ ಟ್ಯಾಕ್ಸೇಷನ್ ಅಧಿಕಾರಿ ಹತ್ರ ಹೋಗತ್ತೆ. ಅದಕ್ಕೆ ತಗೊಳ್ಳೋರ ಟ್ಯಾನ್ ನಂಬರ್ ಬೇಕು, ಪ್ಯಾನ್ ಸಾಲಲ್ಲ, ಟ್ಯಾನ್ ಬೇರೆ, ಟ್ಯಾಕ್ಸ್ ಹಿಡಿದು ಕಟ್ಟೋರಿಗೆ ಕೊಡೋ ನಂಬರ್ ಅದು. ನನ್ನ ಕ್ಲೈಂಟ್‌ಗಳಿಗೆ ಸಾಮಾನ್ಯವಾಗಿ ಐದಾರು ವಾರ ಹಿಡಿದಿದೆ, ಅದಕ್ಕೇ ಡೇಟ್ ಮುಂದೆ ಹಾಕಿ ಅಂದಿದ್ದು. ತಗೊಳ್ಳೋರು ಟ್ಯಾಕ್ಸ್ ಹಿಡಿದ ಮುಂದಿನ ತಿಂಗಳು 7ರೊಳಗೆ ಕಟ್ಟಿ, 27ಕ್ಯೂ ಅನ್ನೋ ಟಿಡಿಎಸ್ ರಿಟರ್ನ್ ಫೈಲ್ ಮಾಡಿ, ನಿಮಗೆ ಫಾರ್ಮ್ 16ಎ (ಟ್ಯಾಕ್ಸ್ ಹಿಡಿದಿದ್ದಕ್ಕೆ ಸರ್ಟಿಫಿಕೇಟ್) ಕೊಡ್ಬೇಕು. ಅಡ್ವಾನ್ಸ್ 5 ಲಕ್ಷಕ್ಕೂ ಹಿಡೀಬೇಕಿತ್ತು, ಅದನ್ನ ಅವರ ಆಡಿಟರ್ ಹತ್ರ ಕೂಡ್ಲೇ ಸರಿ ಮಾಡಿಸಿ. ಅವರು ಒಪ್ಪದಿದ್ರೆ ಒಂದು ಮಾತು ಹೇಳಿ, ಎನ್‌ಆರ್‌ಐ ಹತ್ರ ತಗೊಂಡು ಸರಿಯಾಗಿ ಹಿಡೀದಿದ್ರೆ ಡಿಪಾರ್ಟ್‌ಮೆಂಟ್ ಹಿಡ್ಕೊಳ್ಳೋದು ಅವರನ್ನೇ, ಬಡ್ಡಿ ಸಮೇತ.

ಪವರ್ ಆಫ್ ಅಟಾರ್ನಿ ಮ್ಯೂನಿಕ್ ಕಾನ್ಸುಲೇಟಲ್ಲಿ ಅಟೆಸ್ಟ್ ಆಗಿ ಇಲ್ಲಿಗೆ ಬಂದ 3 ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸ್ಬೇಕು, ಮರೀಬೇಡಿ.

ನೆಕ್ಕರ್‌ತೀರ | 7 ಸೆಪ್ಟೆಂಬರ್ 2025

ಸರ್ ತುಂಬಾ ಥ್ಯಾಂಕ್ಸ್, ಇದು ಗೊತ್ತೇ ಇರ್ಲಿಲ್ಲ. ತಗೊಳ್ಳೋರ ಜೊತೆ ಇವತ್ತು ಒಂದು ಗಂಟೆ ಮಾತಾಡಿದೆ. ಒಳ್ಳೇ ಜನ, ಗಂಡ ಹೆಂಡ್ತಿ ಇಬ್ರೂ ಟೀಚರ್‌ಗಳು, ಇದೇ ಅವ್ರ ಮೊದಲನೇ ಮನೆ. ಮೊದಲು ಬೇಜಾರು ಮಾಡ್ಕೊಂಡ್ರು, ಆಮೇಲೆ ಟ್ಯಾನ್ ತಗೊಳ್ಳೋ ಖರ್ಚು, ಆಡಿಟರ್ ಫೀಸ್ ನಾನೇ ಕೊಡ್ತೀನಿ ಅಂದೆ, ಒಪ್ಕೊಂಡ್ರು. ದುಡ್ಡನ್ನ ಸದ್ಯಕ್ಕೆ ಭಾವನ ಅಕೌಂಟಿಗೋ ಅಮ್ಮನ ಅಕೌಂಟಿಗೋ ಹಾಕಿಸ್ಕೊಂಡು ಅಲ್ಲಿಂದ ಕಳಿಸಬಹುದಾ? ನನ್ನ ಎಸ್‌ಬಿ ಅಕೌಂಟ್ ಕೆವೈಸಿ ಬಾಕಿ ಅಂತ ಲಾಕ್ ತೋರಿಸ್ತಿದೆ.

ಧಾರವಾಡ_ಪೇಢಾ | 7 ಸೆಪ್ಟೆಂಬರ್ 2025

ನೋಡ್ರಿ, ನಾ 31 ವರ್ಷ ಬ್ಯಾಂಕಿನ್ಯಾಗ ಕೆಲಸ ಮಾಡಿ ರಿಟೈರ್ ಆದಾಂವ, ಕಡೀ ಆರು ವರ್ಷ ಫಾರೆಕ್ಸ್ ಡೆಸ್ಕೇ ನೋಡ್ಕೊಂಡಿದ್ದೆ. ಒಬ್ಬರ ಅಕೌಂಟಿಗೂ ಹಾಕಬ್ಯಾಡ್ರಿ, ಭಾವನೂ ಬ್ಯಾಡ, ತಾಯಿನೂ ಬ್ಯಾಡ. ಅವರು ಎಷ್ಟ ಒಳ್ಳೆಯವರಿದ್ರೂ ಆ ರೊಕ್ಕ ನಿಮ್ಮದು ಅಂತ ಕಾಗದದ ಮ್ಯಾಲ ತೋರಸೂದು ಆಮ್ಯಾಲ ಭಾಳ ತ್ರಾಸ ಆಗ್ತೈತಿ. ತಾಯಿ ಅಕೌಂಟಿನಿಂದ ಹೋದ್ರ ಅದು ಎಲ್‌ಆರ್‌ಎಸ್ (ಭಾರತದಾಗ ಇರೂವರು ಹೊರದೇಶಕ್ಕ ರೊಕ್ಕ ಕಳಸೂ ಯೋಜನೆ) ಲೆಕ್ಕಕ್ಕ ಬರ್ತೈತಿ, 10 ಲಕ್ಷದ ಮ್ಯಾಲಿನದಕ್ಕ 20% ಟಿಸಿಎಸ್, ಅಂದ್ರ ಕಳಸೂ ಮುಂದ ಬ್ಯಾಂಕ್ ವಸೂಲಿ ಮಾಡೂ ಟ್ಯಾಕ್ಸು, ಹಿಡೀತಾರ. ನಿಮ್ಮ ಎನ್‌ಆರ್‌ಒ ಅಕೌಂಟಿನಿಂದ (ಎನ್‌ಆರ್‌ಐಗಳು ಭಾರತದಾಗಿನ ರೊಕ್ಕಕ್ಕ ಇಡೂ ಅಕೌಂಟು) ನೀವ ಕಳಸಿದ್ರ ಆ ಟಿಸಿಎಸ್ ಇಲ್ಲಾ.

ಮತ್ತ ನಿಮ್ಮ ಹಳೇ ಎಸ್‌ಬಿ. ನೀವು ಹೊರದೇಶಕ್ಕ ಹೋಗಿ ನೆಲಿ ನಿಂತ ಮ್ಯಾಲ ಫೆಮಾ (ವಿದೇಶಿ ವಿನಿಮಯ ಕಾನೂನು) ಪ್ರಕಾರ ಅದನ್ನ ಎನ್‌ಆರ್‌ಒ ಮಾಡಿಸಬೇಕಿತ್ತು. ಎಂಟು ವರ್ಷ ಬಿಟ್ಟೀರಿ. ಅಂಜಬ್ಯಾಡ್ರಿ, ಭಾಳ ಮಂದಿ ಹಂಗ ಬಿಟ್ಟಿರ್ತಾರ, ಆದ್ರ ನಾಳಿಗೇ ಅರ್ಜಿ ಹಾಕ್ರಿ. ಪಾಸ್‌ಪೋರ್ಟು, ಅಲ್ಲಿ ರೆಸಿಡೆನ್ಸ್ ಪರ್ಮಿಟ್ಟು, ಜರ್ಮನಿ ವಿಳಾಸದ ಪುರಾವೆ, ಪ್ಯಾನು, ಫೋಟೊ. ಪ್ರತಿಗಳಿಗೆ ಎಲ್ಲಿ ಅಟೆಸ್ಟ್ ಮಾಡಿಸಬೇಕು ಅಂತ ಬ್ಯಾಂಕಿನ ಎನ್‌ಆರ್‌ಐ ವಿಭಾಗಕ್ಕ ಇಮೇಲ್ ಬರದು ಕೇಳ್ರಿ, ಫೋನಿನ್ಯಾಗ ಬ್ಯಾಡ, ಬರದ ಉತ್ತರ ಕೈಯಾಗ ಇರಲಿ. ಸೇಲ್ ಡೀಡಿನ್ಯಾಗೂ ಎನ್‌ಆರ್‌ಒ ಅಕೌಂಟ್ ನಂಬರೇ ಬರಸ್ರಿ.

ಎನ್‌ಆರ್‌ಒದಿಂದ ಒಂದು ಹಣಕಾಸು ವರ್ಷಕ್ಕ, ಅಂದ್ರ ಏಪ್ರಿಲ್‌ನಿಂದ ಮಾರ್ಚ್, 10 ಲಕ್ಷ ಡಾಲರ್ ತನಕ ಕಳಸಬಹುದು. ನಿಮ್ಮದು ಅದರ ಹತ್ರಾನೂ ಹೋಗೂದಿಲ್ಲ. ಸಿಎ ಕಡೆಯಿಂದ 15ಸಿಬಿ (ಟ್ಯಾಕ್ಸ್ ಲೆಕ್ಕದ ಸರ್ಟಿಫಿಕೇಟು), ಅದರ ಮ್ಯಾಲ ನೀವು ಇನ್‌ಕಮ್ ಟ್ಯಾಕ್ಸ್ ಪೋರ್ಟಲಿನ್ಯಾಗ 15ಸಿಎ (ರೊಕ್ಕ ಕಳಸೂ ಘೋಷಣೆ), ಬ್ಯಾಂಕಿನ ಎ2 ಫಾರ್ಮು, ಮಿತಿಯೊಳಗ ಐತಿ ಅಂತ ಒಂದು ಡಿಕ್ಲರೇಷನ್ನು, ತಗೊಂಡ ಡೀಡು, ಮಾರಿದ ಡೀಡು, ಟ್ಯಾಕ್ಸ್ ಕಟ್ಟಿದ ಪುರಾವೆ. ಇಷ್ಟು ಕೊಟ್ರ ಯಾವ ಬ್ಯಾಂಕೂ ತಡಿಯೂದಿಲ್ಲ.

ರೇಟಿನ ಮಾತಿಗೆ ಬರ್ತೀನಿ, ಇದನ್ನ ಮಂದಿ ಗಮನಿಸೂದಿಲ್ಲ. ಕಮಿಷನ್ 500 ರೂಪಾಯಿ, ಸಾವಿರ ರೂಪಾಯಿ ಅಂತ ಚೌಕಾಸಿ ಮಾಡ್ತಾರ, ರೇಟು ಕೇಳೂದ ಇಲ್ಲ. 60,000 ಯೂರೋ ಕಳಸೂ ಮುಂದ ಒಂದು ಯೂರೋಕ್ಕ ಒಂದು ರೂಪಾಯಿ ಜಾಸ್ತಿ ಹಿಡದ್ರಂದ್ರ 60,000 ರೂಪಾಯಿ ಹೋತು! ಬ್ರಾಂಚ್ ಮ್ಯಾನೇಜರಿಗೆ ಟ್ರೆಜರಿಗೆ (ಬ್ಯಾಂಕಿನ್ಯಾಗ ಕರೆನ್ಸಿ ರೇಟು ನೋಡೂ ವಿಭಾಗ) ಫೋನ್ ಹಚ್ಚಿ ಸ್ಪೆಷಲ್ ರೇಟು ಕೇಳ್ರಿ ಅಂತ ಹೇಳ್ರಿ, ದೊಡ್ಡ ಮೊತ್ತಕ್ಕ ಕೊಡ್ತಾರ, ನಾನ ಎಷ್ಟೋ ಮಂದಿಗೆ ಕೊಡಿಸೀನಿ. ಕರೆನ್ಸಿ ಬದಲಿಸೂದಕ್ಕ ಜಿಎಸ್‌ಟಿ ಅಂತ ಹಾಕ್ತಾರ, ಅದು 60 ಲಕ್ಷಕ್ಕ 1,890 ರೂಪಾಯಿ ಅಷ್ಟ, ಅದರ ಚಿಂತಿ ಬ್ಯಾಡ. ಚಾರ್ಜಸ್ ಕಾಲಮ್ಮಿನ್ಯಾಗ ‘ಓ ಯು ಆರ್’ ಹಾಕಸ್ರಿ, ನಡುವಿನ ಬ್ಯಾಂಕಿನ ಖರ್ಚು ನೀವ ಇಲ್ಲೇ ಕೊಟ್ಟಂಗ, ಅಲ್ಲಿ ಪೂರ್ತಿ ಮೊತ್ತ ಮುಟ್ಟತೈತಿ. ಐಬಿಎಎನ್ (ಅಲ್ಲಿಯ ಅಕೌಂಟ್ ನಂಬರು) ಜರ್ಮನಿದು 22 ಅಕ್ಷರ, ಎರಡು ಸಲ ಓದಿ ನೋಡ್ರಿ.

ತಾಯಿಯವರ 15 ಲಕ್ಷ ಒಮ್ಮೆಲೇ ಕಳಸಿದ್ರ 10ರ ಮ್ಯಾಲಿನ 5 ಲಕ್ಷಕ್ಕ ಒಂದು ಲಕ್ಷ ಟಿಸಿಎಸ್. ಅದು ಅವರ ರಿಟರ್ನಿನ್ಯಾಗ ವಾಪಸ್ ಬರ್ತೈತಿ ಖರೆ, ಆದ್ರ ವಯಸ್ಸಾದವರಿಗೆ ಆ ಓಡಾಟ ಯಾಕ? ಮಾರ್ಚ್ ಒಳಗ 10, ಏಪ್ರಿಲ್ 1 ಆದ ಮ್ಯಾಲ 5. ಮತ್ತ ಒಂದು, ತಪ್ಪ ತಿಳೀಬ್ಯಾಡ್ರಿ, ಅವರ ಎಫ್‌ಡಿ ಪೂರ್ತಿ ಖಾಲಿ ಮಾಡಸಬ್ಯಾಡ್ರಿ. ತಾಯಿ ಹಠ ಹಿಡದು ಕೊಡ್ತಾರ, ಅವರ ದವಾಖಾನಿ ಖರ್ಚಿಗೆ ಉಳಿಸಿ ಇಸ್ಕೋಳ್ರಿ.

ಗೋಲಿಸೋಡ82 | 8 ಸೆಪ್ಟೆಂಬರ್ 2025

ಇಷ್ಟೆಲ್ಲ ಯಾಕೆ ಬ್ರೋ, ಸ್ಟುಟ್‌ಗಾರ್ಟಲ್ಲೇ ಊರಿಗೆ ದುಡ್ಡು ಕಳಿಸ್ಬೇಕಾದೋರು ಎಷ್ಟು ಜನ ಇದಾರೆ, ನೀವು ಅಲ್ಲಿ ಅವ್ರ ಮನೆಯೋರಿಗೆ ರೂಪಾಯಿ ಕೊಡ್ಸಿ, ಅವ್ರು ಇಲ್ಲಿ ನಿಮ್ಗೆ ಯೂರೋ ಹಾಕ್ತಾರೆ, ಟ್ಯಾಕ್ಸೂ ಇಲ್ಲ ಕಮಿಷನ್ನೂ ಇಲ್ಲ. ನಂಗೆ ಗೊತ್ತಿರೋರು ಮಾಡಿದಾರೆ.

ಕಡಲೂರಿನವಳು | 8 ಸೆಪ್ಟೆಂಬರ್ 2025

ದಯವಿಟ್ಟು ಬೇಡಿ ಮಾರಾಯ್ರೆ, ಅದನ್ನು ಮಾತ್ರ ಮಾಡ್ಬೇಡಿ. ನಾನು ಫ್ರಾಂಕ್‌ಫರ್ಟ್‌ನಲ್ಲಿ ಹನ್ನೆರಡು ವರ್ಷದಿಂದ ಇರುವವಳು. ನಮ್ಮ ಪೈಕಿಯವರೇ ಒಬ್ಬರು ಹೀಗೆ ಮಾಡಿದ್ದರು, ಎದುರಿನವರು ಕೂಡ ಒಳ್ಳೆಯವರೇ, ಮೋಸ ಎಂತದ್ದೂ ಇಲ್ಲ. ಆದರೆ ಮನೆಸಾಲ ಕೊಡುವ ಬ್ಯಾಂಕ್ ಕೇಳಿತು, ಈ 40,000 ಯೂರೋ ನಿಮಗೆ ಯಾರು ಕೊಟ್ಟದ್ದು, ಯಾಕೆ ಕೊಟ್ಟದ್ದು ಅಂತ. ಎಂತ ಹೇಳುದು? ಸಾಲ ಅಂದ್ರೆ ಅದು ಸ್ವಂತ ದುಡ್ಡಲ್ಲ ಅಂತಾರೆ, ಉಡುಗೊರೆ ಅಂದ್ರೆ ಸಂಬಂಧ ಇಲ್ಲದವರ ಉಡುಗೊರೆಗೆ 20,000 ಯೂರೋ ಮೇಲೆ ಟ್ಯಾಕ್ಸ್ ಉಂಟು. ಲೋನ್ ಸಿಗ್ಲಿಲ್ಲ, ಮನೆ ಹೋಯ್ತು, ಆ ಇಬ್ಬರ ಸ್ನೇಹವೂ ಹೋಯ್ತು. ಊರಿನ ಕಡೆ ನೋಡಿದರೆ ಅದು ಫೆಮಾ ಉಲ್ಲಂಘನೆ, ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕ್ಲಿಕ್ಕೆ ಕಾನೂನಲ್ಲಿ ಅವಕಾಶ ಉಂಟು. ಟ್ಯಾಕ್ಸ್ ಕಟ್ಟಿ ಬ್ಯಾಂಕಿಂದ ಬಂದ ದುಡ್ಡಿಗೆ ಯಾರು ಕೇಳಿದರೂ ಕಾಗದ ತೋರಿಸಿ ಆರಾಮ ಕೂತ್ಕೊಳ್ಳಬಹುದು.

ಇನ್ನು ಜರ್ಮನಿ ಬದಿಯದ್ದು ಯಾರೂ ಹೇಳಿಲ್ಲ, ನಾನು ಹೇಳ್ತೇನೆ. ಹೊರದೇಶದಿಂದ 50,000 ಯೂರೋಗಿಂತ ಜಾಸ್ತಿ ಒಂದೇ ಸಲ ಬಂದರೆ ಬುಂಡೆಸ್‌ಬ್ಯಾಂಕಿಗೆ (ಇಲ್ಲಿಯ ಕೇಂದ್ರ ಬ್ಯಾಂಕ್) ತಿಳಿಸಬೇಕು, ಎಡಬ್ಲ್ಯುವಿ ಮೆಲ್ಡುಂಗ್ ಅಂತ. 2024ರವರೆಗೆ 12,500 ಇತ್ತು, ಈ ಜನವರಿಯಿಂದ 50,000 ಮಾಡಿದ್ದಾರೆ. ಬಂದ ಮುಂದಿನ ತಿಂಗಳಿನ 7ನೇ ಕೆಲಸದ ದಿನದೊಳಗೆ. ನಾವು ಖಾಸಗಿಯವರು ಫೋನಲ್ಲಿ ಕೂಡ ಹೇಳಬಹುದು, ಹತ್ತು ನಿಮಿಷದ ಕೆಲಸ, ಅದಕ್ಕೆ ಟ್ಯಾಕ್ಸ್ ಎಂತದ್ದೂ ಇಲ್ಲ, ಬರೀ ಲೆಕ್ಕಕ್ಕೆ. ಬ್ಯಾಂಕ್ ಇದನ್ನು ನಿಮ್ಮ ಪರವಾಗಿ ಮಾಡುದಿಲ್ಲ, ನೆನಪಿಟ್ಟುಕೊಳ್ಳಿ.

ಫ್ಲಾಟ್ ತಗೊಂಡು 10 ವರ್ಷ ದಾಟಿದ್ದು ನಿಮ್ಮ ಪುಣ್ಯ, ಜರ್ಮನಿಯಲ್ಲಿ 10 ವರ್ಷದ ಮೇಲೆ ಮಾರಿದ ಖಾಸಗಿ ಆಸ್ತಿಯ ಲಾಭಕ್ಕೆ ಟ್ಯಾಕ್ಸ್ ಇಲ್ಲ, ಆದರೂ ಸ್ಟಾಯರ್‌ಬೆರಾಟರ್ (ಟ್ಯಾಕ್ಸ್ ಸಲಹೆಗಾರರು) ಹತ್ರ ಒಮ್ಮೆ ಕೂತು ಮಾತಾಡಿ. ಅಮ್ಮ ಕೊಡುದಕ್ಕೆ ತಾಯಿಯಿಂದ ಮಕ್ಕಳಿಗೆ 10 ವರ್ಷದಲ್ಲಿ 4 ಲಕ್ಷ ಯೂರೋವರೆಗೆ ಟ್ಯಾಕ್ಸ್ ಬರುದಿಲ್ಲ, ಆದ್ರೆ 3 ತಿಂಗಳೊಳಗೆ ಫಿನಾನ್ಸ್‌ಆಮ್ಟಿಗೆ (ಇಲ್ಲಿಯ ಟ್ಯಾಕ್ಸ್ ಆಫೀಸ್) ಒಂದು ಪತ್ರ ಬರೆದು ತಿಳಿಸಿ. ಸೇಲ್ ಡೀಡ್ ಕನ್ನಡದಲ್ಲಿದ್ದರೆ ಇಲ್ಲಿಯ ಬ್ಯಾಂಕಿಗೆ ಜರ್ಮನ್ ಅನುವಾದ ಬೇಕಾಗ್ತದೆ, ಈಗಲೇ ಜನ ಹುಡುಕಿ, ಕನ್ನಡದಿಂದ ಜರ್ಮನ್‌ಗೆ ಮಾಡುವವರು ಸಿಗುದು ಕಷ್ಟ. ನಾವು ಊರಲ್ಲಿ ಇಂಗ್ಲಿಷ್ ಮಾಡಿಸಿ, ಇಲ್ಲಿ ಅದರಿಂದ ಜರ್ಮನ್ ಮಾಡಿಸಿದ್ದು.

ನೆಕ್ಕರ್‌ತೀರ | 11 ಜನವರಿ 2026

ಎಲ್ರಿಗೂ ಅಪ್‌ಡೇಟ್ ಕೊಡ್ಬೇಕು ಅಂತ ಬಂದೆ, ಮುಂದೆ ಯಾರಾದ್ರೂ ಇದೇ ಹುಡುಕ್ಕೊಂಡು ಬಂದ್ರೆ ಉಪಯೋಗ ಆಗ್ಲಿ.

ಮನೆ ಮಾರ್ತಿರೋ ಇಲ್ಲಿನ ಅಜ್ಜಿ ಹತ್ರ ಹೋಗಿ ಡಿಸೆಂಬರ್ ಕೊನೆವರ್ಗೂ ಟೈಮ್ ಕೊಡಿ ಅಂತ ಕೇಳಿದೆ, ಒಪ್ಕೊಂಡ್ರು. ತಗೊಳ್ಳೋರಿಗೆ ಟ್ಯಾನ್ ಬಂದ ಮೇಲೆ ಫಾರ್ಮ್ 13 ಹಾಕಿದ್ವಿ, ಮಧ್ಯದಲ್ಲಿ ಎರಡು ಸಲ ಪ್ರಶ್ನೆ ಬಂತು, 2014ರ ಲೋನ್ ಸ್ಟೇಟ್‌ಮೆಂಟ್, ತಗೊಂಡಾಗ ದುಡ್ಡು ಕೊಟ್ಟ ಪುರಾವೆ ಎಲ್ಲ ಕೇಳಿದ್ರು, ಅಮ್ಮನ ಬೀರುವಿನಲ್ಲಿ ಹಳೇ ಫೈಲ್ ಸಿಕ್ತು, ಇಲ್ದಿದ್ರೆ ಕಷ್ಟ ಆಗ್ತಿತ್ತು. ಏಳನೇ ವಾರಕ್ಕೆ ಸರ್ಟಿಫಿಕೇಟ್ ಬಂತು, ಪೂರ್ತಿ ಬೆಲೆ ಮೇಲೆ 5.2%. ಹಿಡಿದಿದ್ದು 4 ಲಕ್ಷದ 16 ಸಾವಿರ ಅಷ್ಟೇ. ನವೆಂಬರ್ ಮಧ್ಯದಲ್ಲಿ ರಿಜಿಸ್ಟ್ರೇಷನ್ ಆಯ್ತು, ಭಾವ ಹೋಗಿ ಸೈನ್ ಹಾಕಿದ್ರು, ದುಡ್ಡು ನೇರ ಎನ್‌ಆರ್‌ಒಗೆ ಬಂತು.

ಕಳಿಸೋವಾಗ ಬ್ಯಾಂಕ್ ಮೊದಲು ಹೇಳಿದ ರೇಟು ಮಾರ್ಕೆಟ್‌ಗಿಂತ 1 ರೂಪಾಯಿ 40 ಪೈಸೆ ಜಾಸ್ತಿ ಇತ್ತು. ಧಾರವಾಡದ ಸರ್ ಹೇಳಿದ ಹಾಗೇ ಟ್ರೆಜರಿ ರೇಟ್ ಕೇಳಿ ಅಂದೆ, ಎರಡು ದಿನ ಬಿಟ್ಟು 45 ಪೈಸೆಗೆ ಇಳಿಸಿದ್ರು, 50 ಸಾವಿರದ ಮೇಲೆ ಉಳೀತು. 62 ಲಕ್ಷ ಕಳಿಸ್ದೆ, ಮೂರನೇ ದಿನ ಇಲ್ಲಿ ಜಮಾ ಆಯ್ತು, ಒಂದು ಸೆಂಟೂ ಕಡಿಮೆ ಆಗ್ಲಿಲ್ಲ. ಮೊನ್ನೆ ಬುಂಡೆಸ್‌ಬ್ಯಾಂಕಿಗೆ ಫೋನ್ ಮಾಡಿ ಅದನ್ನೂ ಮುಗಿಸಿದೆ.

ಅಮ್ಮನ ವಿಷಯ, 15 ಬೇಡ ಅಂತ ಗಟ್ಟಿಯಾಗಿ ಹೇಳ್ದೆ. 10ಕ್ಕೆ ಒಪ್ಪಿಸೋಕೆ ಒಂದು ವಾರ ಹಿಡೀತು. ಫೆಬ್ರವರಿಯಲ್ಲಿ ಭಾವ ಅವ್ರನ್ನ ಬ್ರಾಂಚಿಗೆ ಕರ್ಕೊಂಡು ಹೋಗ್ತಾರೆ. ಉಳಿದ 5 ಲಕ್ಷದ ಎಫ್‌ಡಿ ಅವ್ರ ಹೆಸರಲ್ಲೇ ಇರತ್ತೆ.