ಹೀಲಿಯೋಸ್ 44-2: ಹತ್ತಿರದ್ದು ಚೆನ್ನಾಗಿ ಬರುತ್ತೆ, ದೂರದ್ದು ಪೂರ್ತಿ ಮಬ್ಬು

ಗೋಡೆಶಿಲ್ಪ
ತಲೆ ಕೆಟ್ಟುಹೋಗಿದೆ, ಗೊತ್ತಿರೋರು ಹೇಳಿ. ಭಾನುವಾರದ ಚಿಕ್ಕಪೇಟೆ ಸಂತೇಲಿ ಹೀಲಿಯೋಸ್ 44-2 ಅನ್ನೋ ಹಳೆ ಸೋವಿಯತ್ ಲೆನ್ಸ್ ಸಿಕ್ತು, 58 ಎಂಎಂ ಎಫ್/2. ಗಾಜು ಸ್ವಚ್ಛ, ರಿಂಗ್ ನುಣ್ಣಗೆ ತಿರುಗುತ್ತೆ. ನನ್ನ ಕ್ಯಾಮೆರಾಗೆ ಕೂರಿಸೋ ಅಡಾಪ್ಟರ್ ತರಿಸಿ ಹಾಕಿಕೊಂಡು ಹಳೇಬೀಡಿಗೆ ಹೋದೆ. ಗೋಡೆ ಪಕ್ಕ ನಿಂತು ತೆಗೆದ ಆನೆ ಸಾಲು ನೋಡಬೇಕು ನೀವು, ಸೊಂಡಿಲಿನ ಮೇಲಿನ ಉಳಿ ಗೆರೆ ಕೂಡ ಎಣಿಸಬಹುದು. ಹಿಂದೆ ಹುಲ್ಲಿನ ಮೇಲೆ ಬಂದು ಇಡೀ ಹೊಯ್ಸಳೇಶ್ವರ ತೆಗೆದ್ರೆ ಒಂದೂ ಶಾರ್ಪ್ ಇಲ್ಲ. ಫೋಕಸ್ ರಿಂಗ್ ಇನ್ಫಿನಿಟಿ (ಅತಿ ದೂರದ) ಗುರುತಿಗೆ ಬಂದು ನಿಂತುಬಿಡುತ್ತೆ. ಅಪರ್ಚರ್ ಕಿರಿದು ಮಾಡಿ ಎಫ್/16ಕ್ಕೆ ಇಳಿಸಿದ್ರೂ ಮಬ್ಬೇ. ಸಾಲದ್ದಕ್ಕೆ ಕ್ಯಾಮೆರಾದ ಬೆಳಕಿನ ಮೀಟರ್ ಬೇರೆ ಏನೂ ತೋರಿಸಲ್ಲ, ಶಟರ್ ಎಲ್ಲ ಊಹೆ ಮೇಲೆ. ಲೆನ್ಸ್ ಕೆಟ್ಟಿದ್ಯಾ?

ಹಳೇಗಾಜು_ದಾವಣಗೆರೆ
ನೋಡ್ರಿ, ಇದು ಹೆಲಿಕಾಯ್ಡ್ ಕೇಸು, ಫೋಕಸ್ ಮಾಡಾಕ ಗಾಜು ಹಿಂದ ಮುಂದ ಸರಿಸೋ ತಿರುಪಿಂದು. ಈ ಲೆನ್ಸಿನ ಹಳೆ ಗ್ರೀಸ್ ಗಟ್ಟಿ ಆಗ್ತೈತಿ, ಯಾರೋ ಬಿಚ್ಚಿ ಹೊಸ ಗ್ರೀಸ್ ಹಾಕಿರ್ತಾರ, ವಾಪಸ್ ಕೂಡಿಸುವಾಗ ಥ್ರೆಡ್ಡು ಬೇರೆ ಕಡೆ ಹಿಡಿದಿರ್ತೈತಿ. ನುಣ್ಣಗ ತಿರುಗ್ತೈತಿ ಅಂತ ನೀವ ಹೇಳಿದ್ರಲ್ಲ, ಅಂದ್ರ ಬಿಚ್ಚಿದ್ದು ಖರೆ. ಫೋಕಸ್ ರಿಂಗಿನ ಸುತ್ತ ಇರೋ ಸಣ್ಣ ಸ್ಕ್ರೂ ಸಡಿಲ ಮಾಡ್ರಿ, ಒಳಗಿಂದು ಗುರುತು ಹಾಕ್ಕೊಂಡು ಹೊರಗ ತೆಗೀರಿ.

ಕರಾವಳಿಕ್ಲಿಕ್
ಮಾರಾಯ್ರೆ, ಬಿಚ್ಚುವ ಮೊದಲು ಟಾರ್ಚ್ ಬಿಟ್ಟು ಒಳಗೆ ನೋಡಿ. ನಮ್ಮಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧ ಲೆನ್ಸಿಗೆ ಬೂಷ್ಟು ಹಿಡಿದಿರ್ತದೆ. ಬೂಷ್ಟು ಇದ್ರೂ ಮಬ್ಬು ಬರ್ತದೆ.

ಹಳೇಗಾಜು_ದಾವಣಗೆರೆ
ಬೂಷ್ಟು ಇದ್ರ ಹತ್ತಿರದ್ದೂ ಮಬ್ಬ ಬರಬೇಕಲ್ರಿ. ಆನೆ ಚೆನ್ನಾಗಿ ಬಂದೈತಿ ಅಂದಾರ. ಹೆಲಿಕಾಯ್ಡೇ ಇದು.

ಕರಾವಳಿಕ್ಲಿಕ್
ಅದು ಸರಿ. ಆದ್ರೂ ಹೇಳ್ತೇನೆ, ಚರ್ಮದ ಕೇಸ್ ಜೊತೆ ಬಂದಿದ್ರೆ ಅದರಲ್ಲಿ ಮಾತ್ರ ಇಡಬೇಡಿ. ತೇವ ಹಿಡಿದಿಟ್ಟುಕೊಳ್ಳುವುದೇ ಆ ಚರ್ಮ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ. ಮುಳ್ಳು 40ರಿಂದ 50ರ ನಡುವೆ ಇದ್ರೆ ಸಾಕು.

ತಕುಮಾರ್_ಪ್ರೇಮಿ
ಹೀಲಿಯೋಸ್ ಹಿಂದೆ ಬಿದ್ದು ಯಾಕೆ ಒದ್ದಾಡ್ತೀರಾ? ಹಿನ್ನೆಲೆ ಸುಳಿಯಾಗಿ ಬರುತ್ತೆ ಅನ್ನೋದು ಬಿಟ್ರೆ ಏನಿದೆ ಅದರಲ್ಲಿ? ಮೂಲ ವಿನ್ಯಾಸವೇ ಜರ್ಮನಿಯ ಬಯೋಟಾರ್ ಲೆನ್ಸಿನದು. ನನ್ನ ಹತ್ರ ಸೂಪರ್ ತಕುಮಾರ್ 50 ಎಂಎಂ ಎಫ್/1.4 ಇದೆ, ಏಳು ಗಾಜಿನದು. ವಿಕಿರಣ ಸೂಸೋ ಥೋರಿಯಂ ಇರೋ ಗಾಜು, ಬಂದಾಗ ಚಹಾ ಬಣ್ಣಕ್ಕೆ ತಿರುಗಿತ್ತು. ಬಿಸಿಲು ಬೀಳೋ ಕಿಟಕಿಲಿ ಇಟ್ಟೆ, ಹಳದಿ ಇಳಿದು ತಿಳಿಯಾಯ್ತು. ಜೊತೆಗೆ 35, 55, 105, 135 ಎಲ್ಲ ತಕುಮಾರ್‌ಗಳೇ. ಫೋಕಸ್ ರಿಂಗ್ ತಿರುಗಿಸೋ ಸುಖ ಬೇರೆ ಯಾವ ಲೆನ್ಸಲ್ಲೂ ಇಲ್ಲ.

ಹಳೇಗಾಜು_ದಾವಣಗೆರೆ
ಆ ಥೋರಿಯಂ ಗಾಜು ದಿನಾ ಕಣ್ಣಿಗೆ ಹಚ್ಚಿಕೊಂಡು ಕೂಡಬ್ಯಾಡ್ರಿ ಮತ್ತ.

ತಕುಮಾರ್_ಪ್ರೇಮಿ
ಕ್ಯಾಮೆರಾ ಮೇಲೆ ಇರೋ ಲೆನ್ಸ್ ಸರ್, ಕನ್ನಡಕ ಅಲ್ಲ. ಸುಮ್ಮನೆ ಹೆದರಿಸಬೇಡಿ.

ಗೋಡೆಶಿಲ್ಪ
ದಯವಿಟ್ಟು ನನ್ನ ಲೆನ್ಸಿಗೆ ಬನ್ನಿ. ಟಾರ್ಚ್ ಬಿಟ್ಟು ನೋಡಿದೆ, ಬೂಷ್ಟಿಲ್ಲ. ಸ್ಕ್ರೂ ತಲೆ ಮೇಲೆ ಒಂದು ಗೀರೂ ಇಲ್ಲ, ಯಾರೂ ಬಿಚ್ಚಿದ ಹಾಗೆ ಕಾಣಲ್ಲ. ರಿಂಗ್ 0.5 ಮೀಟರಿಗೆ ಇಟ್ರೆ ಅದಕ್ಕಿಂತ ಹತ್ತಿರದಲ್ಲಿ ಫೋಕಸ್ ಆಗುತ್ತೆ. ಇದೂ ಹೆಲಿಕಾಯ್ಡಾ?

ಹಳೇಗಾಜು_ದಾವಣಗೆರೆ
ಹೌದ್ರಿ, ಪೂರಾ ಸ್ಕೇಲು ಸರಿದೈತಿ ಅಂದಂಗಾತು. ಬಿಚ್ರಿ.

ಮಾಲತಿ_ಮೈಸೂರು
ಬಿಚ್ಚಬೇಡಿ, ಒಂದು ನಿಮಿಷ ತಡೀರಿ. ಮೀಟರ್ ಏನೂ ತೋರಿಸಲ್ಲ ಅಂದ್ರಲ್ಲ, ಅದನ್ನ ಯಾರೂ ಗಮನಿಸಲಿಲ್ಲ. ಸೋನಿ ಮಿರರ್‌ಲೆಸ್ಸಾಗಲಿ ಕ್ಯಾನನ್ನಾಗಲಿ ಆಗಿದ್ರೆ ಮೀಟರ್ ಓಡ್ತಿತ್ತು. ನಿಮ್ಮದು ನಿಕಾನ್ 3000 ಅಥವಾ 5000 ಸರಣಿನಾ?

ಗೋಡೆಶಿಲ್ಪ
ಹೌದು ಮೇಡಂ, ಡಿ5600. ಅದನ್ನ ಹೇಳಬೇಕಿತ್ತಾ? ಎಂ42ನಿಂದ (ಈ ಲೆನ್ಸಿನ ಹಿಂದಿನ ತಿರುಪು ಮೌಂಟು) ನಿಕಾನಿಗೆ ಅಂತಲೇ ಅಡಾಪ್ಟರ್ ಡಬ್ಬಿ ಮೇಲೆ ಬರೆದಿದೆ, ಸರಿಯಾಗಿ ಕೂತಿದೆ ಕೂಡ.

ಮಾಲತಿ_ಮೈಸೂರು
ಹಾಗಾದ್ರೆ ಲೆನ್ಸ್ ಸರಿ ಇದೆ. ಎಂ42 ಲೆನ್ಸಿನ ಕೂರುವ ಅಂಚಿನಿಂದ ಫಿಲ್ಮಿನ, ಈಗಿನ ಕ್ಯಾಮೆರಾದಲ್ಲಿ ಸೆನ್ಸರಿನ, ತನಕ 45.46 ಮಿಮೀ ಇರಬೇಕು. ನಿಕಾನ್ ಎಫ್ ಮೌಂಟಿನಲ್ಲಿ ಆ ದೂರ 46.5 ಮಿಮೀ. ಅಂದ್ರೆ ಅಡಾಪ್ಟರ್ ಇಲ್ಲದೇ ಅಂಟಿಸಿದ್ರೂ ಲೆನ್ಸ್ ಒಂದು ಮಿಲಿಮೀಟರ್ ಮುಂದೆ ನಿಂತಿರುತ್ತೆ. ಅಡಾಪ್ಟರಿನದು ಇನ್ನೊಂದು ಮಿಲಿಮೀಟರ್ ದಪ್ಪ ಅಂದುಕೊಳ್ಳಿ, ಒಟ್ಟು 2. ಈಗ 58ನ್ನ 58ರಿಂದ ಗುಣಿಸಿ 2ರಿಂದ ಭಾಗಿಸಿ: 1682 ಮಿಮೀ. ರಿಂಗ್ ಇನ್ಫಿನಿಟಿಲಿ ಇದ್ದಾಗ ಲೆನ್ಸಿನಿಂದ ಹೆಚ್ಚುಕಮ್ಮಿ 1.7 ಮೀಟರ್ ದೂರದ್ದಷ್ಟೇ ಚೊಕ್ಕವಾಗಿ ಕಾಣುತ್ತೆ. ಗೋಡೆ ಪಕ್ಕ ನಿಂತಾಗ ಆನೆ ಅದರೊಳಗಿತ್ತು, ದೇವಸ್ಥಾನ ಇರಲಿಲ್ಲ. 0.5ರ ಗುರುತಲ್ಲಿ ಇನ್ನೂ ಹತ್ತಿರದ್ದು ಬರೋದಕ್ಕೂ ಇದೇ ಕಾರಣ, ಹತ್ತಿರದ್ದು ತೆಗೆಯೋಕೆ ಲೆನ್ಸನ್ನ ಮುಂದೆ ನಿಲ್ಲಿಸೋ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿದ ಹಾಗೆ ಆಗಿದೆ.
ಮೀಟರ್ ವಿಷಯ ಬೇರೆ. ಒಳಗೆ ಚಿಪ್ ಇಲ್ಲದ ಲೆನ್ಸಿಗೆ ಡಿ5600 ಮೀಟರ್ ಕೊಡಲ್ಲ. ಎಂ (ಮ್ಯಾನ್ಯುಅಲ್) ಮೋಡಿಗೆ ಹಾಕಿ, ತೆಗೆದ ಚಿತ್ರದ ಬೆಳಕು ತೋರಿಸೋ ಹಿಸ್ಟೋಗ್ರಾಂ ನೋಡಿಕೊಂಡು ಶಟರ್ ಹೊಂದಿಸಿ.

ಹಳೇಗಾಜು_ದಾವಣಗೆರೆ
ಲೆಕ್ಕ ಸರಿ ಐತಿ ಮೇಡಂ. ಆದ್ರ ಹೆಲಿಕಾಯ್ಡ್ ಚೆಕ್ ಮಾಡೋದ್ರಾಗ ತಪ್ಪೇನಿಲ್ಲ. ಒಂದು ಎಂ42 ಜೆನಿಟ್ ಕ್ಯಾಮೆರಾಕ್ಕ ಹಾಕಿ ನೋಡಿದ್ರ ಗೊತ್ತಾಕೈತಿ.

ಗೋಡೆಶಿಲ್ಪ
ಮಧ್ಯೆ ಗಾಜಿರೋ ಅಡಾಪ್ಟರ್ ಬರುತ್ತಂತಲ್ಲ, ಅದು ತಗೊಳ್ಳಲಾ? ಇಡೀ ದೇವಸ್ಥಾನ ಈ ಲೆನ್ಸಲ್ಲೇ ತೆಗೀಬೇಕು ಅಂತ ಆಸೆ.

ಮಾಲತಿ_ಮೈಸೂರು
ಇನ್ಫಿನಿಟಿ ಸಿಗುತ್ತೆ, ಆದ್ರೆ ಅಗ್ಗದ ಗಾಜು ಎಫ್/2ರಲ್ಲಿ ಇಡೀ ಚಿತ್ರಕ್ಕೆ ಹಾಲು ಬಳಿದುಬಿಡುತ್ತೆ. ಎಫ್/8ಕ್ಕೆ ಇಳಿಸಿದ್ರೆ ಪರವಾಗಿಲ್ಲ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಹಳೆ ಕ್ಯಾನನ್ ಬಾಡಿ ತಗೊಳ್ಳಿ ಅಂತೀನಿ ನಾನು. ಅದರ ಇಎಫ್ ಮೌಂಟಿನಲ್ಲಿ ಆ ದೂರ 44 ಮಿಮೀ, ಉಳಿದ 1.46 ಮಿಮೀ ಜಾಗದಲ್ಲಿ ತೆಳು ಅಡಾಪ್ಟರ್ ಕೂರುತ್ತೆ. ಮೀಟರೂ ಓಡುತ್ತೆ.

ತಕುಮಾರ್_ಪ್ರೇಮಿ
ಕ್ಯಾನನ್ ಅಂತ ದೊಡ್ಡ ಸೆನ್ಸರಿನ ಫುಲ್ ಫ್ರೇಮಿಗೆ ಕೈ ಹಾಕಬೇಡಿ. ಕ್ಯಾನನ್ 5ಡಿಯಲ್ಲಿ ಕೆಲವು ಎಂ42 ಲೆನ್ಸುಗಳ ಹಿಂಭಾಗಕ್ಕೆ ಕನ್ನಡಿ ತಾಗುತ್ತೆ. ಸಣ್ಣ ಸೆನ್ಸರಿನದಾದ್ರೆ ಆ ಭಯ ಕಮ್ಮಿ. ನಾನಂತೂ ಸೋನಿಗೆ ಹೋಗಿಬಿಟ್ಟೆ, ಅದರ ಮೌಂಟಲ್ಲಿ ಆ ದೂರ 18 ಮಿಮೀ, ಯಾವ ಹಳೆ ಲೆನ್ಸ್ ಬೇಕಾದ್ರೂ ಕೂರುತ್ತೆ.

ಹೊಸಬ_ತುಮಕೂರು
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಹೀಲಿಯೋಸ್ 44ಎಂ-4. ದೂರ, ಹತ್ತಿರ ಎಲ್ಲ ಫೋಕಸ್ ಆಗುತ್ತೆ, ಆದ್ರೆ ಅಪರ್ಚರ್ ರಿಂಗ್ ಎಲ್ಲಿಗೆ ತಿರುಗಿಸಿದ್ರೂ ಒಳಗೆ ಬೆಳಕಿನ ಕಿಂಡಿ ಕಿರಿದು ಮಾಡೋ ಎಲೆಗಳು ಅಲುಗಾಡಲ್ಲ. ಇದಕ್ಕೂ ಬಾಡಿ ಕಾರಣನಾ?

ಹಳೇಗಾಜು_ದಾವಣಗೆರೆ
ಎಲೆಗಳ ಮ್ಯಾಲೆ ಎಣ್ಣಿ ಇಳಿದಿರ್ತೈತಿ. ಬಿಚ್ಚಿ ಒರೆಸಬೇಕು.

ಮಾಲತಿ_ಮೈಸೂರು
ಮೊದಲು ಲೆನ್ಸ್ ಹಿಂದೆ ಇರೋ ಸಣ್ಣ ಪಿನ್ ಬೆರಳಲ್ಲಿ ಒತ್ತಿ ಹಿಡಿದು ರಿಂಗ್ ತಿರುಗಿಸಿ. 44ಎಂ-4ರಲ್ಲಿ ಆಟೋ, ಮ್ಯಾನ್ಯುಅಲ್ ಸ್ವಿಚ್ ಇಲ್ಲ, ಪಿನ್ ಒತ್ತದೆ ಎಲೆ ಮುಚ್ಚಲ್ಲ. ಒತ್ತಿದಾಗ ಮುಚ್ಚಿದ್ರೆ ಒಳಗಡೆ ಅಂಚು ಇರೋ ಅಡಾಪ್ಟರ್ ತಗೊಳ್ಳಿ, ಅದೇ ಪಿನ್ನನ್ನ ಒತ್ತಿ ಹಿಡಿದಿರುತ್ತೆ. ಒತ್ತಿದ್ರೂ ಮುಚ್ಚಲಿಲ್ಲ ಅಂದ್ರೆ ಆಗ ಎಣ್ಣೆ ಮಾತು.