ನಾಲ್ಕನೇ ತರಗತಿ: ಲೆಕ್ಕ ಮಾಡಿಸುವಾಗ ಹಿನ್ನೆಲೆ ಸಂಗೀತ ಹಾಕಬಹುದಾ?

ಘಟ್ಟದ_ಮೇಲೆ (ಶಿರಸಿ)
ಸರ್ಕಾರಿ ಶಾಲೆ, ನಾಲ್ಕನೇ ತರಗತಿ, 26 ಮಕ್ಕಳು. ನಲಿ-ಕಲಿಯಲ್ಲಿ ಮೂರು ವರ್ಷ ಹಾಡು, ಆಟದ ಜೊತೆಗೇ ಕಲಿತು ಬಂದವರು. ದಶಕ ಸಹಿತ ಕೂಡುವ, ಕಳೆಯುವ ಲೆಕ್ಕ ಕೊಟ್ಟು ಸಣ್ಣಕ್ಕೆ ಸಂಗೀತ ಹಾಕಿದರೆ ಗದ್ದಲ ನಿಲ್ಲುತ್ತದೆ. ಆದರೆ ಲೆಕ್ಕ ಸುಧಾರಿಸಿದೆಯೋ, ಬರೀ ಸುಮ್ಮನೆ ಕೂತಿದ್ದಾರೋ ಅಂತ ತಿಳಿಯುತ್ತಿಲ್ಲ. ಮೊಜಾರ್ಟ್ ಕೇಳಿಸಿದರೆ ಗಣಿತ ಚುರುಕಾಗುತ್ತದೆ ಅಂತ ಪಾಲಕರೊಬ್ಬರು ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಇರುವುದು ಒಂದು ಮೊಬೈಲ್, ಒಂದು ಬ್ಲೂಟೂತ್ ಸ್ಪೀಕರ್. ಯಾವ ಸಂಗೀತ, ಎಷ್ಟು ದೊಡ್ಡಕೆ, ಯಾವಾಗ?

ಕಾಳಿ_ದಂಡೆ (ಕಾರವಾರ)
ಮಾಸ್ತರೇ, ಮೊದಲು ಮೊಜಾರ್ಟ್ ವಿಷಯ ಮುಗಿಸೋಣ. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಆ ಪ್ರಯೋಗ ನಡೆದದ್ದು 36 ಕಾಲೇಜು ವಿದ್ಯಾರ್ಥಿಗಳ ಮೇಲೆ. ಹತ್ತು ನಿಮಿಷ ಕೇಳಿಸಿ, ನಿಲ್ಲಿಸಿ, ಆಮೇಲೆ ಕೊಟ್ಟದ್ದು ಕಾಗದ ಮಡಚಿ ಕತ್ತರಿಸಿದರೆ ಹೇಗೆ ಕಾಣುತ್ತದೆ ಅನ್ನುವಂಥ ಆಕಾರದ ಪ್ರಶ್ನೆಗಳು. ಲಾಭ ಕಂಡದ್ದು ಹತ್ತು-ಹದಿನೈದು ನಿಮಿಷ ಮಾತ್ರ. ಅಲ್ಲಿ ಮಕ್ಕಳೂ ಇರಲಿಲ್ಲ, ಕೂಡುವ ಕಳೆಯುವ ಲೆಕ್ಕವೂ ಇರಲಿಲ್ಲ. 2001ರ ಇನ್ನೊಂದು ಪ್ರಯೋಗದಲ್ಲಿ, ನಿಧಾನದ ದುಃಖದ ಸಂಗೀತ ಕೇಳಿದವರಿಗೆ ಆ ಲಾಭ ಸಿಗಲಿಲ್ಲ. ಅಂದರೆ ಕೆಲಸ ಮಾಡಿದ್ದು ಉಲ್ಲಾಸ, ಎಚ್ಚರ. ಅದಕ್ಕೆ ಮೊಜಾರ್ಟೇ ಆಗಬೇಕು ಅಂತಿಲ್ಲ.

ಈಗ ಲೆಕ್ಕ ಮಾಡುವ ಮಗುವನ್ನು ಹತ್ತಿರದಿಂದ ನೋಡಿ. 347ಕ್ಕೆ 238 ಕೂಡಿಸುತ್ತಿದೆ. ‘ಏಳು ಎಂಟು ಹದಿನೈದು, ಐದು ಬರೆದು ಕೈಲಿ ಒಂದು’ ಅಂತ ತುಟಿಯೊಳಗೇ ಹೇಳಿಕೊಳ್ಳುತ್ತದೆ. ಆ ‘ಕೈಲಿ ಒಂದು’ ಕಾಗದದ ಮೇಲಿಲ್ಲ, ಒಳದನಿಯಲ್ಲಿ ಮಾತ್ರ ಇದೆ. ಅದೇ ಹೊತ್ತಿಗೆ ಸ್ಪೀಕರಿನಿಂದ ಹಾಡಿನ ಸಾಲು ಬಂದರೆ ಅದೂ ಅದೇ ಜಾಗಕ್ಕೆ ನುಗ್ಗುತ್ತದೆ, ಕೈಲಿದ್ದ ಒಂದು ಬಿದ್ದುಹೋಗುತ್ತದೆ. ಉತ್ತರ 585ರ ಬದಲು 575. ಕಿವಿಗೆ ಬೀಳುವ ಮಾತು, ನಾವು ಬೇಡವೆಂದರೂ, ಈ ಗಳಿಗೆಯ ನೆನಪಿಗೆ ಅಡ್ಡ ಬರುತ್ತದೆ. ಹಾಡಿನಷ್ಟು ವಾದ್ಯ ಕೆಡಿಸುವುದಿಲ್ಲ. ಇದು 1980ರ ದಶಕದ ಪ್ರಯೋಗಗಳಿಂದಲೇ ಗೊತ್ತಿರುವ ಸಂಗತಿ. ಹಾಗಾಗಿ ಸಾಹಿತ್ಯ ಇರುವ ಹಾಡು ಬೇಡವೇ ಬೇಡ, ಭಕ್ತಿಗೀತೆಯಾದರೂ ಸರಿ.

ನಿಮ್ಮ ಪ್ರಶ್ನೆಗೆ ಹತ್ತಿರದ ಅಧ್ಯಯನ 2002ರ ಬ್ರಿಟನ್ನಿನದು, ಹತ್ತರಿಂದ ಹನ್ನೆರಡು ವರ್ಷದ ಮಕ್ಕಳದು. ಶಾಂತ ಸಂಗೀತ ಇದ್ದಾಗ ಮಕ್ಕಳು ಹೆಚ್ಚು ಲೆಕ್ಕ ಮಾಡಿ ಮುಗಿಸಿದರು, ಆದರೆ ಮಾಡಿದ್ದರಲ್ಲಿ ಸರಿಯಾದುದರ ಪ್ರಮಾಣ ಏರಲಿಲ್ಲ. ವೇಗ ಬಂತು, ತಪ್ಪು ಕಡಿಮೆಯಾಗಲಿಲ್ಲ. ಕಲಿತ ಲೆಕ್ಕದ ಅಭ್ಯಾಸಕ್ಕೆ ಇದು ಉಪಯೋಗ. ದಶಕ ಬಿಡಿಸುವುದನ್ನು ಹೊಸದಾಗಿ ಹೇಳಿಕೊಡುವ ದಿನ ಸ್ಪೀಕರ್ ಬೀರುವಿನಲ್ಲೇ ಇರಲಿ.

ತಂಬೂರಿ_ಶ್ರುತಿ (ಹೊನ್ನಾವರ)
ಹಾಕುವುದಾದರೆ ಬರೀ ತಂಬೂರಿ ಶ್ರುತಿ, ಇಲ್ಲವಾದರೆ ಕೊಳಲಿನದೋ ಸಿತಾರಿನದೋ ವಿಲಂಬಿತ (ನಿಧಾನದ) ಆಲಾಪ. ಒಂದೇ ಸಮನೆ ಸಾಗುವ ನಾದ ಗಮನ ಎಳೆಯುವುದು ಕಡಿಮೆ; ಏರಿಳಿತ ಹೆಚ್ಚಿದಷ್ಟೂ ಕಿವಿ ಅತ್ತ ತಿರುಗುತ್ತದೆ. ವೇಗವಾಗಿ ನುಡಿಸುವ ದ್ರುತ್ ಗತ್ ಬೇಡ. ಚಂಡೆ ಪೆಟ್ಟಂತೂ ಬೇಡ, ಈ ಕಡೆಯ ಮಕ್ಕಳ ಕಾಲು ನೆಲದಲ್ಲಿ ನಿಲ್ಲೂದಿಲ್ಲ. ಸಿನಿಮಾ ಹಾಡಿನ ಕೊಳಲು ನುಡಿಸಾಣಿಕೆಯೂ ಆಗದು, ವಾದ್ಯ ರಾಗ ನುಡಿಸಿದರೆ ಮಾತನ್ನು ಮಕ್ಕಳೇ ಒಳಗೆ ತುಂಬಿಕೊಳ್ಳುತ್ತಾರೆ.

ಒಂದು ಮೀಟರ್ ದೂರದ ಮಾಮೂಲು ಮಾತು ಸುಮಾರು 60 ಡೆಸಿಬೆಲ್. ಸಂಗೀತ ಅದಕ್ಕಿಂತ 15 ಆದರೂ ಕಡಿಮೆ ಇರಬೇಕು. ಮೊಬೈಲಿನ ಅಳತೆ ನಿಖರವಲ್ಲ. ನೀವು ದನಿ ಏರಿಸದೆ ಓದಿದ ಐದು ಸಂಖ್ಯೆಗಳನ್ನು ಕೊನೇ ಬೆಂಚಿನಲ್ಲಿ ಕೂತ ಒಂದು ಮಗು ತಪ್ಪದೆ ಬರೆದುಕೊಂಡರೆ ಆ ಮಟ್ಟ ಸರಿ. ಸ್ಪೀಕರನ್ನು ಮೊದಲ ಬೆಂಚಿನ ಪಕ್ಕ ಇಡಬೇಡಿ, ಎತ್ತರದ ಕಪಾಟಿನ ಮೇಲೆ ಗೋಡೆಗೆ ಮುಖ ಮಾಡಿಡಿ. ಹತ್ತಿರ ಕೂತವನಿಗೇ ಜಾಸ್ತಿ ಬಡಿಯುವುದಿಲ್ಲ. ಯೂಟ್ಯೂಬಿನಿಂದ ನೇರ ಹಾಕಿದರೆ ನಡುವೆ ಜಾಹೀರಾತು ಬರುತ್ತದೆ, ಅಷ್ಟೇ ಸಾಕು ಇಡೀ ತರಗತಿ ತಲೆ ಎತ್ತಲಿಕ್ಕೆ. ಇಪ್ಪತ್ತು ನಿಮಿಷದ ಒಂದೇ ಫೈಲ್ ಇಳಿಸಿಕೊಂಡು ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ ಬ್ಲೂಟೂತ್ ಮಾತ್ರ ಬಿಡಿ.

ಮಳೆಗಾಲದಲ್ಲಿ ಶೀಟಿನ ಮಾಡಿಗೆ ಮಳೆ ಹೊಡೆಯುವಾಗ ಸಂಗೀತ ಪೂರ್ತಿ ಬಂದ್. ಮಳೆಯ ಮೇಲೆ ಕೇಳಿಸಲಿ ಅಂತ ಏರಿಸಿದರೆ ಎರಡು ಗದ್ದಲವಾಗುತ್ತದೆ.

ಮಗ್ಗಿ_ಅಕ್ಕೋರು (ಕುಮಟಾ)
ಮೇಲಿನದಕ್ಕೆ ಒಂದು ತಕರಾರಿದೆ. ಎಲ್ಲ ಮಕ್ಕಳಿಗೂ ಒಂದೇ ಹದ ಅಂದುಕೊಳ್ಳಬೇಡಿ. ಕರಾವಳಿಯಲ್ಲಿ ಎಷ್ಟೋ ಮನೆಗಳ ಮಾತು ಕೊಂಕಣಿ, ಉರ್ದು. ಎರಡನೇ ಭಾಷೆಯಲ್ಲಿ ಕೇಳುವವರಿಗೆ ಹಿನ್ನೆಲೆಯ ಸದ್ದು ಹೆಚ್ಚು ಅಡ್ಡಿ. ಕಿವಿ ಮಂದವಿರುವ, ಶ್ರವಣ ಯಂತ್ರ ಹಾಕಿದ ಮಗುವಿದ್ದರೆ ಸಂಗೀತ ಬೇಡ. ಯಂತ್ರ ನಿಮ್ಮ ಮಾತಿನ ಜೊತೆ ಅದನ್ನೂ ದೊಡ್ಡದು ಮಾಡುತ್ತದೆ.

ಲಾಭ ಇದೆಯೋ ಇಲ್ಲವೋ ನೋಡಲು ನಾಲ್ಕು ದಿನ ಸಾಕು. ಮೊದಲ ದಿನ ಸಂಗೀತ ಇಲ್ಲ, ಎರಡನೆಯ, ಮೂರನೆಯ ದಿನ ಇದೆ, ನಾಲ್ಕನೆಯ ದಿನ ಇಲ್ಲ. ಈ ಅನುಕ್ರಮ ಯಾಕೆಂದರೆ ದಿನ ಕಳೆದಂತೆ ಅಭ್ಯಾಸದಿಂದಲೇ ಬರುವ ಸುಧಾರಣೆ ಎರಡೂ ಕಡೆ ಸಮ ಹಂಚಿಹೋಗಬೇಕು. ಪ್ರತಿ ದಿನ ಅದೇ ಅವಧಿ, ಹತ್ತು ನಿಮಿಷ, 20 ಲೆಕ್ಕ: ಹತ್ತು ಕೂಡುವುದು, ಹತ್ತು ಕಳೆಯುವುದು. ನಾಲ್ಕೂ ಹಾಳೆಯಲ್ಲಿ ದಶಕ ದಾಟುವ ಲೆಕ್ಕ ಅಷ್ಟಷ್ಟೇ ಇರಲಿ, ಇಲ್ಲಿಯೇ ಹೆಚ್ಚಿನವರು ಎಡವುವುದು. ‘ಸಂಗೀತದಿಂದ ಬುದ್ಧಿ ಬರುತ್ತದೆ’ ಅಂತ ಮಕ್ಕಳ ಹತ್ತಿರ ಹೇಳಬೇಡಿ.

ಮೂರು ಎಣಿಕೆ ಬರೆದಿಡಿ: ಎಷ್ಟು ಮಾಡಿದರು, ಎಷ್ಟು ಸರಿ, ‘ಕೈಲಿ ಒಂದು’ ಮರೆತದ್ದು ಎಷ್ಟು. ಸಂಗೀತವಿಲ್ಲದೆ 16 ಮಾಡಿ 15 ಸರಿ, ಸಂಗೀತದಲ್ಲಿ 19 ಮಾಡಿ 15 ಸರಿ ಆದರೆ ಆ ಮಗುವಿಗೆ ಸಿಕ್ಕಿದ್ದು ಅವಸರ ಮಾತ್ರ. ತರಗತಿಯ ಸರಾಸರಿ ನೋಡಿ ಬಿಡಬೇಡಿ, ಒಂದೊಂದು ಮಗುವಿನ ಸಂಗೀತದ ಎರಡು ದಿನವನ್ನು ಅದರದೇ ಸಂಗೀತವಿಲ್ಲದ ಎರಡು ದಿನಕ್ಕೆ ಹೋಲಿಸಿ.

ಮತ್ತೆ, ಸಂಗೀತವನ್ನು ಹಿನ್ನೆಲೆಗೇ ಯಾಕೆ ಇಡಬೇಕು? ಹಿಂದೂಸ್ತಾನಿ ಸಂಗೀತದ ಝಪ್‌ತಾಲ ಅನ್ನುವ ತಾಳದ ಹತ್ತು ಮಾತ್ರೆ (ಎಣಿಕೆ) ಕೈತಟ್ಟಿಸಿ, 2, 3, 2, 3. ಹತ್ತರ ಜೋಡಿ ಮಕ್ಕಳ ಕೈಗೆ ಹತ್ತುತ್ತದೆ. ಅಮೆರಿಕದಲ್ಲಿ ಮೂರನೇ ತರಗತಿಯವರಿಗೆ ಆರು ವಾರ ಲಯದ ಮೂಲಕ ಭಿನ್ನರಾಶಿ ಕಲಿಸಿದ ಅಧ್ಯಯನ 2012ರಲ್ಲಿ ಬಂದಿದೆ, ಆ ಮಕ್ಕಳು ಉಳಿದವರಿಗಿಂತ ಮುಂದೆ ಹೋದರು. ಅಲ್ಲಿ ಸಂಗೀತವೇ ಪಾಠವಾಗಿತ್ತು.

ಘಟ್ಟದ_ಮೇಲೆ (ಶಿರಸಿ)
ಎಲ್ಲರಿಗೂ ಧನ್ಯವಾದ. ಸೋಮವಾರದಿಂದ ಗುರುವಾರ, ಮೂರನೇ ಅವಧಿ, ತಂಬೂರಿ ಮಾತ್ರ. ಅಕ್ಕೋರೇ, ಶಬ್ದರೂಪದ ಲೆಕ್ಕವನ್ನೂ ಹಾಳೆಗೆ ಸೇರಿಸಲಾ?

ಮಗ್ಗಿ_ಅಕ್ಕೋರು (ಕುಮಟಾ)
ಈ ನಾಲ್ಕು ದಿನ ಬೇಡ ಮಾಸ್ತರೇ. ಅದರಲ್ಲಿ ಓದುವ ಕಷ್ಟ, ಲೆಕ್ಕದ ಕಷ್ಟ ಎರಡೂ ಕಲಸಿಹೋಗಿ ತಪ್ಪು ಎಲ್ಲಿಂದ ಬಂತು ಅಂತ ಗೊತ್ತಾಗೂದಿಲ್ಲ. ಓದಿಗೆ ಸಂಗೀತ ಅಡ್ಡಿ ಮಾಡುತ್ತದೆ ಅಂತ ದೊಡ್ಡವರ ಅಧ್ಯಯನಗಳಲ್ಲೇ ಕಂಡಿದೆ. ಶಬ್ದರೂಪದ್ದನ್ನು ಶುಕ್ರವಾರ, ಸ್ಪೀಕರ್ ಇಲ್ಲದೆ ಕೊಡಿ.