ಮನೆಯ ಜಗಳದ ನಂತರ ತಮ್ಮ ಕಾಣೆಯಾಗಿದ್ದಾನೆ: ದೂರಿನಲ್ಲಿ ಜಗಳದ ವಿಷಯವನ್ನೂ ಬರೆಸಬೇಕೇ?

ಪ್ರಶ್ನೆ: ರಾಣೆಬೆನ್ನೂರಿನ ಅಕ್ಕ

ನನ್ನ ತಮ್ಮ ಮನೆ ಬಿಟ್ಟು ಹೋಗಿ ಇಂದಿಗೆ 19 ದಿನಗಳಾದವು. ಅವನಿಗೆ 29 ವರ್ಷ. ಮದುವೆಯಾಗಿ ನಾಲ್ಕು ವರ್ಷವಾಗಿದ್ದು, ಒಂದೂವರೆ ವರ್ಷದ ಮಗಳಿದ್ದಾಳೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತಿದ್ದ.

ಮಗುವಿನ ಜಾವಳಕ್ಕೆ ದಿನ ಗೊತ್ತು ಮಾಡಿದ್ದೆವು. ಅದರ ಹಿಂದಿನ ದಿನ ಬೆಳಿಗ್ಗೆ ಅವನ ಹೆಂಡತಿಯ ಎರಡೆಳೆ ಸರ ಕಪಾಟಿನಲ್ಲಿ ಇಲ್ಲವೆಂಬುದು ಗೊತ್ತಾಯಿತು. ಕೇಳಿದಾಗ, ಎರಡು ತಿಂಗಳ ಹಿಂದೆಯೇ ಅಡವಿಟ್ಟಿರುವುದಾಗಿ ಒಪ್ಪಿಕೊಂಡ. ಏಕೆಂದು ಮಾತ್ರ ಹೇಳಲಿಲ್ಲ. ಬೀಗರು ಆಗಲೇ ಬಂದು ಪಡಸಾಲೆಯಲ್ಲಿ ಕುಳಿತಿದ್ದರು. ಅವರೆದುರಿಗೇ ನಮ್ಮ ತಂದೆ, "ಹೆಂಡತಿಯ ಕೊರಳನ್ನೇ ಬರಿದು ಮಾಡಿದವನು ಮಗಳಿಗೆ ಇನ್ನೇನು ಮಾಡುತ್ತೀ? ನೀನು ಇದ್ದೂ ಸತ್ತ ಹಾಗೆ" ಎಂದುಬಿಟ್ಟರು. ತಮ್ಮ ತಿರುಗಿ ಒಂದು ಮಾತನ್ನೂ ಆಡಲಿಲ್ಲ. ಕುಡಿಯುತ್ತಿದ್ದ ಚಹಾದ ಲೋಟವನ್ನು ಕಿಟಕಿಯಲ್ಲಿಟ್ಟು, ಹೆಗಲ ಮೇಲಿದ್ದ ಟವೆಲ್ಲನ್ನು ಮಡಚಿ ಕುರ್ಚಿಗೆ ಹಾಕಿ, ಬೈಕಿಗೆ ಪೆಟ್ರೋಲ್ ಹಾಕಿಸಿ ಬರುತ್ತೇನೆಂದು ಹೊರಟ. ಮೂರನೆಯ ದಿನ ಬೈಕು ರೈಲು ನಿಲ್ದಾಣದ ವಾಹನ ನಿಲುಗಡೆಯಲ್ಲಿ ಸಿಕ್ಕಿತು. ಫೋನು ಮನೆಯಲ್ಲೇ ಚಾರ್ಜಿಗೆ ಹಾಕಿದಲ್ಲೇ ಇತ್ತು. ಎ.ಟಿ.ಎಂ. ಕಾರ್ಡನ್ನೂ ಬಿಟ್ಟಿದ್ದಾನೆ. ಪಾಕೀಟಿನಿಂದ ತೆಗೆದುಕೊಂಡು ಹೋಗಿರುವುದು ಆಧಾರ್ ಕಾರ್ಡು ಮತ್ತು ಅಂದಾಜು ಎಂಟುನೂರು ರೂಪಾಯಿ ಮಾತ್ರ.

ಮೊದಲ ಸಲ ಠಾಣೆಗೆ ಹೋದಾಗ, ಎರಡು ದಿನ ನೋಡಿ, ಸಿಟ್ಟು ಇಳಿದ ಮೇಲೆ ತಾನಾಗಿಯೇ ಬಂದಾನು ಎಂದು ಹೇಳಿ ಕಳುಹಿಸಿದರು. ಬೈಕು ಸಿಕ್ಕ ಮೇಲೆ ಕಾಣೆ ಪ್ರಕರಣ ದಾಖಲಾಯಿತು. ಆದರೆ ತಂದೆಯವರು ದೂರಿನಲ್ಲಿ "ಕೆಲಸಕ್ಕೆಂದು ಹೋದವನು ಮರಳಿ ಬಂದಿಲ್ಲ" ಎಂದಷ್ಟೇ ಬರೆಸಿದ್ದಾರೆ. ಜಗಳದ ಸುದ್ದಿಯಿಲ್ಲ, ಸರದ ಸುದ್ದಿಯಿಲ್ಲ. ತಮ್ಮ ಏನಾದರೂ ಮಾಡಿಕೊಂಡಿದ್ದರೆ ತಂದೆಯವರ ಆ ಮಾತಿನ ಮೇಲೆಯೇ ಕೇಸು ಬೀಳುತ್ತದೆ ಎಂದು ಸೋದರಮಾವ ಹೆದರಿಸಿದ್ದು ಇದಕ್ಕೆ ಒಂದು ಕಾರಣ. ಮನೆಯ ಮರ್ಯಾದೆ ಇನ್ನೊಂದು.

ಕಳೆದ ವಾರ ಅಪರಿಚಿತ ಶವವೊಂದರ ಫೋಟೋ ತೋರಿಸಲು ಠಾಣೆಗೆ ಕರೆದಿದ್ದರು. ಮುಖ ಗುರುತಿಸುವ ಹಾಗಿರಲಿಲ್ಲ. ತಮ್ಮನ ಎಡಗಾಲಿನ ಕಿರುಬೆರಳ ಮೇಲೆ ಚಿಕ್ಕಂದಿನಲ್ಲಿ ಕೆಂಡ ಬಿದ್ದು ಆದ ಕಲೆಯಿದೆ. ಫೋಟೋದಲ್ಲಿನ ಕಾಲಿನಲ್ಲಿ ಅದಿರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಾಗ, ಆ ಕಲೆಯ ವಿಷಯವನ್ನೂ ನಾವು ದೂರಿನಲ್ಲಿ ಬರೆಸಿಲ್ಲವೆಂಬುದು ನೆನಪಾಯಿತು.

ಈಗ ಹೋಗಿ ನಿಜ ಹೇಳಿದರೆ ಹುಡುಕುವುದಕ್ಕೆ ಅನುಕೂಲವಾಗುತ್ತದೆಯೇ, ಅಥವಾ ಸುಳ್ಳು ದೂರು ಕೊಟ್ಟಿರೆಂದು ನಮ್ಮ ಮೇಲೆಯೇ ತಿರುಗುತ್ತದೆಯೇ? ತಿಳಿದವರು ಹೇಳಬೇಕು.

ಉತ್ತರ 1: ನಿವೃತ್ತ ಹೆಡ್ ಕಾನ್‌ಸ್ಟೆಬಲ್

ತಂಗೀ, ನಾಳೆಯೇ ಹೋಗಿ ಹೇಳಿ. ದೂರಿನಲ್ಲಿ ಬಿಟ್ಟುಹೋದ ಸಂಗತಿಗಳನ್ನು ಆಮೇಲೆ ಬರೆಸುವುದಕ್ಕೆ ನಮ್ಮ ಠಾಣೆಗಳಲ್ಲಿ ಪುರವಣಿ ಹೇಳಿಕೆ ಎನ್ನುತ್ತಾರೆ. ಇದು ದಿನನಿತ್ಯದ ಸಂಗತಿ, ಯಾರೂ ಹುಬ್ಬೇರಿಸುವುದಿಲ್ಲ. ಕಾಣೆ ಪ್ರಕರಣಗಳಲ್ಲಿ ಮನೆಯವರು ಮೊದಲ ಸಲವೇ ಎಲ್ಲವನ್ನೂ ಹೇಳಿದ್ದನ್ನು ನಾನು ನೋಡಿದ್ದು ಅಪರೂಪ.

ಜಗಳವನ್ನು ಮುಚ್ಚಿಟ್ಟರೆ ಏನಾಗುತ್ತದೆಂದು ಹೇಳುತ್ತೇನೆ. "ಕೆಲಸಕ್ಕೆ ಹೋದವನು ಬಂದಿಲ್ಲ" ಎಂದಿದ್ದರೆ ತನಿಖಾಧಿಕಾರಿ ಬ್ಯಾಡಗಿಯ ರಸ್ತೆ, ಅಪಘಾತ, ಆಸ್ಪತ್ರೆ, ಅಂಗಡಿಯ ಮಾಲೀಕರು, ಈ ದಾರಿಯಲ್ಲಿ ಹೋಗುತ್ತಾನೆ. ಮನನೊಂದು ಹೊರಟವನು ಎಂದು ಗೊತ್ತಿದ್ದರೆ ಮೊದಲ ದಿನವೇ ರೈಲು ನಿಲ್ದಾಣಕ್ಕೆ ಹೋಗುತ್ತಿದ್ದ. ನಿಲ್ದಾಣದ ಕ್ಯಾಮೆರಾಗಳ ದೃಶ್ಯ ಹೆಚ್ಚು ದಿನ ಉಳಿಯುವುದಿಲ್ಲ, ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತಾ ಹೋಗುತ್ತದೆ. ಅವನು ಹುಬ್ಬಳ್ಳಿಯ ಕಡೆಯ ಗಾಡಿ ಹತ್ತಿದನೋ ದಾವಣಗೆರೆಯ ಕಡೆಯದೋ ಎನ್ನುವುದೊಂದು ತಿಳಿದರೂ ಅರ್ಧ ಕೆಲಸ ಆದ ಹಾಗೆ. ಹುಬ್ಬಳ್ಳಿಗೆ ಹೋದವನ ಮುಂದೆ ಗೋವಾ, ಮಿರಜ್, ಸೊಲ್ಲಾಪುರ ಎಲ್ಲಾ ದಾರಿಗಳೂ ತೆರೆದಿರುತ್ತವೆ. 19 ದಿನ ಕಳೆದಿದ್ದರೂ ಆ ದೃಶ್ಯ ಕೇಳಿ ರೈಲ್ವೆ ರಕ್ಷಣಾ ದಳಕ್ಕೆ ಪತ್ರ ಬರೆಯುವಂತೆ ವಿನಂತಿಸಿ.

ಫೋನು ಬಿಟ್ಟು ಹೋಗಿದ್ದಾನೆ ಎಂದಿರಿ. ಅದನ್ನು ನೀವು ಹೆಚ್ಚು ಕೆದಕದೆ ತನಿಖಾಧಿಕಾರಿಗೆ ಒಪ್ಪಿಸಿ, ಪಡೆದುಕೊಂಡಿದ್ದಕ್ಕೆ ಬರವಣಿಗೆಯಲ್ಲಿ ರಸೀದಿ ತೆಗೆದುಕೊಳ್ಳಿ. ಮನೆಯವರು ಹೇಳುವ ಜಗಳ ಕೊನೆಯ ಜಗಳವಷ್ಟೇ, ಅದರ ಹಿಂದಿನ ಕಥೆ ಫೋನಿನಲ್ಲಿರುತ್ತದೆ. ಸರವನ್ನು ಅಡವಿಟ್ಟು ಕಾರಣ ಹೇಳದವನಿಗೆ ನಿಮಗೆ ತಿಳಿಯದ ಸಾಲ ಇರಬಹುದು. ಆ್ಯಪ್‌ನಲ್ಲಿ ಸಾಲ ಕೊಟ್ಟವರು ಬೆದರಿಸಿರಬಹುದು. ಸಿಮ್ಮನ್ನು ಮಾತ್ರ ಬ್ಲಾಕ್ ಮಾಡಿಸಬೇಡಿ, ರೀಚಾರ್ಜ್ ತಪ್ಪಿಸಬೇಡಿ. ಬ್ಯಾಂಕಿನಿಂದ, ಗೆಳೆಯರಿಂದ ಬರುವ ಸಂದೇಶ ಆ ಸಂಖ್ಯೆಗೇ ಬರುತ್ತದೆ. ಸಾಯುವ ಮಾತನ್ನು ಅವನು ಎಂದಾದರೂ, ಯಾರೆದುರಿಗಾದರೂ ಆಡಿದ್ದರೆ ಅದನ್ನೂ ಬರೆಸಿ. ಅದರಿಂದ ಹುಡುಕಾಟದ ಅವಸರವೇ ಬೇರೆಯಾಗುತ್ತದೆ.

ಆಧಾರ್ ಕಾರ್ಡು ಒಯ್ದಿದ್ದಾನೆ ಎನ್ನುವುದು ನನಗೆ ಸ್ವಲ್ಪ ಧೈರ್ಯ ಕೊಡುವ ಸಂಗತಿ. ಉಳಿದುಕೊಳ್ಳಲಿಕ್ಕೋ ಕೆಲಸಕ್ಕೆ ಸೇರಲಿಕ್ಕೋ ಅದು ಬೇಕಾಗುತ್ತದೆ. ಆದರೆ ಇದೇ ಖಚಿತವೆಂದು ನಾನು ಹೇಳುವುದಿಲ್ಲ. ಇಂಥವರನ್ನು ಹುಡುಕಿ ನಾವು ಹೋಗುತ್ತಿದ್ದದ್ದು ಪ್ರಶ್ನೆ ಕೇಳದೆ ಅನ್ನ ಹಾಕುವ ಜಾಗಗಳಿಗೆ: ಧರ್ಮಸ್ಥಳ, ಮಂತ್ರಾಲಯ, ಪಂಢರಪುರ, ಸಿದ್ಧಗಂಗೆ. ಕೈಯಲ್ಲಿದ್ದ ದುಡ್ಡು ಮುಗಿದ ಮೇಲೆ ಹೋಟೆಲು, ಕಟ್ಟಡದ ಕೆಲಸ, ಮಲ್ಪೆಯ ದೋಣಿ, ಚಿಕ್ಕಮಗಳೂರು ಕೊಡಗಿನ ಕಾಫಿ ತೋಟ.

ಕೊನೆಯದಾಗಿ, ಕಾಲಿನ ಕಲೆಯನ್ನು ಠಾಣೆಯಲ್ಲಿ ಬರೆಸಿ, ಆದರೆ ಪೋಸ್ಟರಿನಲ್ಲಿ ಹಾಕಬೇಡಿ. ಪೋಸ್ಟರಿನಲ್ಲಿ ನಿಮ್ಮ ಸಂಖ್ಯೆ ಕಂಡ ಕೂಡಲೇ "ನಿಮ್ಮ ತಮ್ಮ ಆಸ್ಪತ್ರೆಯಲ್ಲಿದ್ದಾನೆ, ಆಂಬ್ಯುಲೆನ್ಸಿಗೆ ಆರು ಸಾವಿರ ಕಳುಹಿಸಿ" ಎಂದು ಕರೆ ಮಾಡುವವರಿದ್ದಾರೆ. ಕಾಲಿನ ಯಾವ ಬೆರಳಿನ ಮೇಲೆ ಕಲೆಯಿದೆ ನೋಡಿ ಹೇಳಿ ಎಂದು ಕೇಳಿದರೆ ಸಾಕು, ಕರೆ ಕಟ್ಟಾಗುತ್ತದೆ.

ಉತ್ತರ 2: ಹಿತೈಷಿ

ನಮ್ಮ ಕಡೆ ಅಂಜನ ಹಾಕಿ ನೋಡುವವರೊಬ್ಬರಿದ್ದಾರೆ. ದಿಕ್ಕನ್ನು ಸರಿಯಾಗಿ ಹೇಳುತ್ತಾರೆ. ಬೇಕಿದ್ದರೆ ವಿಳಾಸ ಕೊಡುತ್ತೇನೆ.

ಉತ್ತರ 3: ವಕೀಲ, ಧಾರವಾಡ

ಅಂಜನದವರು ಹೇಳಿದ ದಿಕ್ಕಿಗೆ ಕಾರು ಮಾಡಿಕೊಂಡು ಒಂದು ವಾರ ಅಲೆದ ಕಕ್ಷಿದಾರರು ನನಗಿದ್ದರು. ಆ ವಾರ ಠಾಣೆಯ ಕಡೆ ತಲೆ ಹಾಕಿರಲಿಲ್ಲ. ಅಷ್ಟು ಹೇಳಿ ಆ ವಿಷಯ ಬಿಡುತ್ತೇನೆ.

ನಿಮ್ಮ ಸೋದರಮಾವನವರ ಭಯದ ಬಗ್ಗೆ ಹೇಳುವುದಾದರೆ, ಆತ್ಮಹತ್ಯೆಗೆ ಪ್ರಚೋದನೆ ಎನ್ನುವ ಅಪರಾಧ ಈಗ ಭಾರತೀಯ ನ್ಯಾಯ ಸಂಹಿತೆಯ 108ನೇ ಕಲಂನಲ್ಲಿದೆ, ಹಿಂದೆ ಐ.ಪಿ.ಸಿ. 306 ಎಂದು ಎಲ್ಲರ ಬಾಯಲ್ಲಿದ್ದದ್ದು ಇದೇ. ಕೋಪದ ಭರದಲ್ಲಿ, ಹಾಗೇ ಆಗಲಿ ಎಂಬ ಉದ್ದೇಶವಿಲ್ಲದೆ ಆಡಿದ ಮಾತು ಪ್ರಚೋದನೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2001ರಲ್ಲಿ ಛತ್ತೀಸಗಡದ ಪ್ರಕರಣವೊಂದರಲ್ಲಿ ಸ್ಪಷ್ಟವಾಗಿ ಹೇಳಿದೆ. ಒಬ್ಬ ತಂದೆ ಬೀಗರೆದುರು ಮಗನನ್ನು ಹಳಿದದ್ದು ಕ್ರೂರವಾದ ಮಾತು ಎನ್ನಬಹುದು. ಅಷ್ಟರಿಂದಲೇ ಅದು ಅಪರಾಧವಾಗುವುದಿಲ್ಲ. ಎಲ್ಲಕ್ಕಿಂತ ಮೊದಲು, ನಿಮ್ಮ ತಮ್ಮ ಬದುಕಿಲ್ಲವೆಂದು ಹೇಳುವ ಯಾವ ಸಂಗತಿಯೂ ಇಲ್ಲಿಲ್ಲ. ಆಗದೇ ಇರುವ ಕೇಸಿಗೆ ಹೆದರಿ ನಡೆಯುತ್ತಿರುವ ಹುಡುಕಾಟದ ದಾರಿ ತಪ್ಪಿಸುವುದು ಬುದ್ಧಿವಂತಿಕೆಯಲ್ಲ.

ಇದನ್ನು ಓದುವ ಬೇರೆಯವರಿಗೂ ಹೇಳಬೇಕಾದ ಮಾತು: 24 ಗಂಟೆ ಅಥವಾ ಎರಡು ದಿನ ಕಾಯಬೇಕೆಂಬ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ದೂರು ತೆಗೆದುಕೊಳ್ಳದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂನ ಪ್ರಕಾರ ಅದನ್ನು ಬರೆದು ಅಂಚೆಯ ಮೂಲಕ ಎಸ್.ಪಿ.ಯವರಿಗೆ ಕಳುಹಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ವ್ಯಕ್ತಿಯನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿ, ಹಾಕಿರೆಂದು ಯಾರಾದರೂ ಹೇಳಿದರೆ ಅವಸರಪಡಬೇಡಿ. ಯಾರೋ ಅಕ್ರಮವಾಗಿ ಕೂಡಿಹಾಕಿದ್ದಾರೆ ಎಂಬ ಸಂಶಯವಿದ್ದಾಗ ಅದು ನೆರವಿಗೆ ಬರುವುದು, ತಾನಾಗಿ ಹೊರಟ ವಯಸ್ಕನ ವಿಷಯದಲ್ಲಿ ಅದರಿಂದ ದೊಡ್ಡ ಪ್ರಯೋಜನವಿಲ್ಲ. ಆಧಾರ್ ಸಂಖ್ಯೆಯಿಂದ ಅವನಿರುವ ಜಾಗವನ್ನು ತಿಳಿಸಿ ಎಂದು ಕೇಳಿದರೂ ಸಿಗುವುದಿಲ್ಲ. ಆ ಮಾಹಿತಿ ಹೊರಬರಲು ಹೈಕೋರ್ಟು ನ್ಯಾಯಾಧೀಶರ ಆದೇಶ ಬೇಕು. ಸಾಲ ಕೊಟ್ಟವರು ಮನೆಗೆ ಬಂದು ಪೀಡಿಸಿದರೆ ಸುಮ್ಮನಿರಬೇಡಿ. ಕಿರುಸಾಲದ ಹೆಸರಿನಲ್ಲಿ ನಡೆಯುವ ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಶಿಕ್ಷೆ ವಿಧಿಸಬಹುದಾದ ಕಾನೂನು ನಮ್ಮ ರಾಜ್ಯದಲ್ಲಿ 2025ರಲ್ಲಿ ಬಂದಿದೆ.

ಅವನ ಹೆಸರಿನಲ್ಲಿ ಜೀವವಿಮೆ ಇದ್ದರೆ ಕಂತು ನಿಲ್ಲಿಸಬೇಡಿ. ಇದನ್ನು ಕೇಳಲು ನಿಮಗೆ ಕಷ್ಟವಾಗುತ್ತದೆ ಎಂದು ಬಲ್ಲೆ. ಏಳು ವರ್ಷ ಸುದ್ದಿಯೇ ಇಲ್ಲದವನನ್ನು ಕಾನೂನು ಸತ್ತನೆಂದು ಭಾವಿಸುತ್ತದೆ. ವಿಮೆಯ ಹಣಕ್ಕಾಗಿ ಆ ಏಳು ವರ್ಷ ಕಾಯ್ದು ಬಂದವರು ಇದೊಂದು ಕಾರಣಕ್ಕೆ ಬರಿಗೈಯಲ್ಲಿ ಹೋಗಿದ್ದನ್ನು ನೋಡಿ ಹೇಳುತ್ತಿದ್ದೇನೆ.

ಉತ್ತರ 4: ಮರಳಿ ಬಂದವನು

ಅಕ್ಕಾ, ನಾನು ಗದಗ ಜಿಲ್ಲೆಯವನು. 2013ರಲ್ಲಿ, ಮಗ ಎಂಟು ತಿಂಗಳಿನವನಿದ್ದಾಗ, ಹೊಲದ ಪಾಲಿನ ವಿಷಯಕ್ಕೆ ಅಪ್ಪನೊಂದಿಗೆ ಜಗಳವಾಡಿ ಮನೆ ಬಿಟ್ಟೆ. ಮರಳಿ ಬಂದದ್ದು 14 ತಿಂಗಳ ಮೇಲೆ. ಆದ್ದರಿಂದ ಹೋದವನ ಕಡೆಯಿಂದ ಒಂದೆರಡು ಮಾತು ಹೇಳಬಲ್ಲೆ.

ಹೊರಡುವಾಗ ಯಾವ ಯೋಜನೆಯೂ ಇರಲಿಲ್ಲ. ಎರಡು ತಾಸು ನಿಲ್ದಾಣದಲ್ಲಿ ಕುಳಿತು ಬರಬೇಕೆಂದುಕೊಂಡಿದ್ದೆ. ಸೊಲ್ಲಾಪುರದ ಕಡೆಯ ರೈಲು ಬಂತು, ಹತ್ತಿದೆ. ಪಂಢರಪುರದಲ್ಲಿ ಕೆಲವು ದಿನ ಇದ್ದು, ಆಮೇಲೆ ಪುಣೆಯ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆಯುವ ಕೆಲಸಕ್ಕೆ ಸೇರಿದೆ. ಮೊದಲ ವಾರ ಇದ್ದದ್ದು ಸಿಟ್ಟು. ಎರಡನೆಯ ವಾರದಿಂದ ಸಿಟ್ಟು ಇರಲಿಲ್ಲ, ನಾಚಿಕೆ ಇತ್ತು. ಸಿಟ್ಟು ಇಳಿದ ಮೇಲೆ ಬರುತ್ತಾನೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ನನ್ನನ್ನು ಹಿಡಿದಿಟ್ಟದ್ದು ಸಿಟ್ಟಲ್ಲ.

ಮೂರು ಸಲ ಮನೆಗೆ ಫೋನು ಮಾಡಿದೆ. ಮೂರು ಸಲವೂ ಅಪ್ಪನೇ ಎತ್ತಿದರು, ಆ ದನಿ ಕೇಳಿ ಇಟ್ಟುಬಿಟ್ಟೆ. ಮಾತಾಡದೆ ಕಟ್ಟಾದ ಕರೆಗಳನ್ನು ಅವರು ತಪ್ಪು ಸಂಖ್ಯೆ ಎಂದುಕೊಂಡಿದ್ದರಂತೆ. ಐದನೆಯ ತಿಂಗಳು ನಾಲ್ಕನೆಯ ಸಲ ಮಾಡಿದಾಗ ಹೆಂಡತಿ ಎತ್ತಿದಳು. ನಾನು ಸುಮ್ಮನಿದ್ದೆ. ಅವಳು ಎಲ್ಲಿದ್ದೀರಿ ಎಂದು ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಗೋಡೆ ಹಿಡಿದು ನಡೆಯುತ್ತಾನೆ ಈಗ" ಎಂದಳು. ಅಂದೇ ಓಡಿ ಬಂದೆ ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಆಮೇಲೂ ಒಂಬತ್ತು ತಿಂಗಳು ಬರಲಿಲ್ಲ, ವಾರಕ್ಕೊಮ್ಮೆ ಫೋನು ಮಾಡುತ್ತಿದ್ದೆ.

ತಡವಾಗಲು ಕಾರಣ ನಮ್ಮ ಸಂಬಂಧಿಕರೊಬ್ಬರು ನನ್ನ ಫೋಟೋದ ಕೆಳಗೆ ಬರೆದಿದ್ದ ಸಾಲು: "ಹೆಂಡತಿ ಮಕ್ಕಳನ್ನು ಬಿಟ್ಟು ಓಡಿಹೋದವನು, ಕಂಡವರು ಹಿಡಿದುಕೊಡಿ." ಹೋಟೆಲಿಗೆ ಬಂದ ನಮ್ಮ ಕಡೆಯ ಲಾರಿ ಚಾಲಕನೊಬ್ಬ ಅದನ್ನು ತನ್ನ ಫೋನಿನಲ್ಲಿ ತೋರಿಸಿ ನೀನೇನಾ ಇದು ಎಂದು ಕೇಳಿದ. ಅಲ್ಲವೆಂದು ಹೇಳಿ, ಮರುದಿನ ಆ ಹೋಟೆಲಿನ ಕೆಲಸವನ್ನೇ ಬಿಟ್ಟೆ. ಆದ್ದರಿಂದ ಪೋಸ್ಟರಿನಲ್ಲಿ ಏನು ಬರೆಯುತ್ತೀರಿ ಎನ್ನುವುದನ್ನು ನೋಡಿಕೊಳ್ಳಿ. ತಾಯಿಗೆ ಹುಷಾರಿಲ್ಲ, ಕೂಡಲೇ ಬಾ ಎಂದು ಸುಳ್ಳು ಬರೆಸುವವರಿದ್ದಾರೆ, ಅದನ್ನೂ ಮಾಡಬೇಡಿ. ಅವನು ಯಾವುದಕ್ಕೆ ಹೆದರಿದ್ದಾನೋ ಅದು ಮುಗಿದಿದೆ ಎಂದು ತಿಳಿಸಿ. ಫೋನನ್ನು ಅವನ ಹೆಂಡತಿಯ ಕೈಗೆ ಕೊಡಿ.

ಇನ್ನೊಂದು ವಿಷಯಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಪೊಲೀಸರು ಹುಡುಕಿದರೂ ವಯಸ್ಕನನ್ನು ಕೈ ಹಿಡಿದು ಎಳೆದು ತರುವುದಿಲ್ಲ. ಬರುವುದಿಲ್ಲವೆಂದು ಅವನು ಹೇಳಿಕೆ ಕೊಟ್ಟರೆ ಪ್ರಕರಣ ಮುಗಿಯುತ್ತದೆ. ಅದು ನಿಮ್ಮ ಸೋಲೆಂದು ತಿಳಿಯಬೇಡಿ. ಬದುಕಿದ್ದಾನೆಂದು ತಿಳಿದ ಮೇಲೆ ಉಳಿದದ್ದಕ್ಕೆ ಸಮಯವಿರುತ್ತದೆ.

ಮರು ಉತ್ತರ: ರಾಣೆಬೆನ್ನೂರಿನ ಅಕ್ಕ

ಎಲ್ಲರಿಗೂ ನಮಸ್ಕಾರ. ಮೊನ್ನೆ ತಂದೆಯವರೇ ನನ್ನೊಂದಿಗೆ ಠಾಣೆಗೆ ಬಂದು ಪುರವಣಿ ಹೇಳಿಕೆ ಕೊಟ್ಟರು. ತಾವು ಆಡಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದರು. ಬರೆದುಕೊಳ್ಳುತ್ತಿದ್ದ ಹುಡುಗ ತಲೆಯೆತ್ತಿ ನೋಡಿ, "ಇದನ್ನೂ ಬರೆಯಲೇ ಯಜಮಾನರೇ?" ಎಂದು ಕೇಳಿದ. ಬರಿ ಎಂದರು.

ಫೋನನ್ನು ಒಪ್ಪಿಸಿದ್ದೇವೆ, ಸಿಮ್ಮಿನ ರೀಚಾರ್ಜು ತಪ್ಪದಂತೆ ನೋಡಿಕೊಳ್ಳುತ್ತಿದ್ದೇವೆ. ನಿವೃತ್ತ ಪೊಲೀಸಣ್ಣನವರು ಊಹಿಸಿದಂತೆ ನಾಲ್ಕು ಸಾಲದ ಆ್ಯಪ್‌ಗಳು ಅದರಲ್ಲಿದ್ದವು, ಸರದ ಹಣ ಹೋದದ್ದೂ ಅಲ್ಲಿಗೇ. ನಿಲ್ದಾಣದ ಕ್ಯಾಮೆರಾದಲ್ಲಿ ಆ ದಿನದ ದೃಶ್ಯ ಉಳಿದಿಲ್ಲವೆಂದು ಬಾಯಿಮಾತಿನಲ್ಲಿ ಹೇಳಿದ್ದಾರೆ, ಬರವಣಿಗೆಯಲ್ಲಿ ಕೇಳಿದ್ದೇವೆ. ಹೊಸ ಪೋಸ್ಟರಿಗೆ ತಂದೆಯವರೇ ಹೇಳಿ ಬರೆಸಿದ ಸಾಲುಗಳಿವು: "ಸರ ಬಿಡಿಸಿ ತಂದಿದ್ದೇವೆ. ಸಾಲದ ವಿಷಯ ಗೊತ್ತಾಗಿದೆ, ತೀರಿಸೋಣ. ಜಾವಳ ಮಾಡಿಲ್ಲ, ನೀನು ಬಂದ ಮೇಲೆ. ಅಪ್ಪ." ಮೊದಲ ಮಾತು ಇನ್ನೂ ನಿಜವಾಗಿಲ್ಲ, ಸೋಮವಾರ ಹೋಗಿ ಬಿಡಿಸಿದ ನಂತರವೇ ಅಚ್ಚಿಗೆ ಕೊಡುತ್ತೇವೆ.

ಮನೆಯ ಫೋನು ಈಗ ಅವನ ಹೆಂಡತಿಯ ಬಳಿಯೇ ಇರುತ್ತದೆ, ಸ್ನಾನಕ್ಕೆ ಹೋದರೂ ಬಾಗಿಲ ಬಳಿ ಇಟ್ಟುಕೊಳ್ಳುತ್ತಾಳೆ. ನಿನ್ನೆ ಮೂರು ಕರೆಗಳು ಬಂದವು. ಎರಡು ಸಾಲದವರದು. ಇನ್ನೊಂದು ಶಾಮಿಯಾನದವನದು, ಜಾವಳಕ್ಕೆಂದು ಕೊಟ್ಟ ಮುಂಗಡವನ್ನು ಹಿಂದಕ್ಕೆ ಕೊಡಬೇಕೋ, ಇಟ್ಟುಕೊಳ್ಳಬೇಕೋ ಎಂದು ಕೇಳಿದ. ಇಟ್ಟುಕೊಂಡಿರಿ ಎಂದಳು.